ಐ-864: ಲೆಕ್ಕ ಮೊದಲು, ಫಾರ್ಮ್ ಆಮೇಲೆ

ಅಮೆರಿಕಕ್ಕೆ ಹೆಂಡತಿಯನ್ನೋ ಗಂಡನನ್ನೋ ಇಮಿಗ್ರಂಟ್ ವೀಸಾದಲ್ಲಿ ಕರೆಸಿಕೊಳ್ಳುವವರಿಗೆ ಸಂಬಂಧವನ್ನು ಸಾಬೀತುಪಡಿಸುವ ಐ-130 ಅರ್ಜಿ ಮಂಜೂರಾದ ಮೇಲೆ ಎದುರಾಗುವುದು ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎನ್‌ವಿಸಿ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಹಣಕಾಸು ದಾಖಲೆಗಳ ಪರಿಶೀಲನೆಗೆ 120 ಡಾಲರ್. ಎರಡನ್ನೂ ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಆಮೇಲೆ ಬರುವುದೇ ಐ-864, ಅಫಿಡವಿಟ್ ಆಫ್ ಸಪೋರ್ಟ್, ಅಂದರೆ ಬರುವ ಸಂಗಾತಿಯನ್ನು ನೋಡಿಕೊಳ್ಳುವಷ್ಟು ಆದಾಯ ನಿಮಗಿದೆ ಎಂದು ಬರೆದುಕೊಡುವ ಮುಚ್ಚಳಿಕೆ. ಇದನ್ನು ನಾನು ವಕೀಲರಿಲ್ಲದೆ ಮಾಡಿದ್ದು, ಸಂಬಳದ ಸರಳ ಪ್ರಕರಣವಾದರೆ ಯಾರು ಬೇಕಾದರೂ ಮಾಡಬಹುದು. ಆದರೆ ಹೆಚ್ಚಿನವರು ಫಾರ್ಮಿನ ಮೊದಲ ಪುಟದಿಂದ ಹೆಸರು, ವಿಳಾಸ ತುಂಬುತ್ತಾ ಹೋಗುತ್ತಾರೆ. ನನ್ನ ಪ್ರಕಾರ ಫಾರ್ಮ್ ಮುಟ್ಟುವ ಮೊದಲೇ ಬಿಳಿ ಹಾಳೆಯ ಮೇಲೆ ಮೂರು ಅಂಕಿ ಬರೆದಿಟ್ಟುಕೊಳ್ಳಬೇಕು: ಮನೆಮಂದಿಯ ಸಂಖ್ಯೆ, ಈಗಿನ ವರ್ಷದ ಆದಾಯ, ತೆರಿಗೆ ರಿಟರ್ನಿನಲ್ಲಿರುವ ಒಟ್ಟು ಆದಾಯ. ಯಾರು ಸಹಿ ಹಾಕಬೇಕು, ಯಾವ ಕಾಗದ ಲಗತ್ತಿಸಬೇಕು ಎಂಬುದೆಲ್ಲ ಈ ಮೂರರಿಂದಲೇ ತೀರ್ಮಾನವಾಗುತ್ತದೆ.

ಮನೆಮಂದಿ ಅಂದರೆ ಇಲ್ಲಿ ಒಂದೇ ಸೂರಿನ ಕೆಳಗೆ ಇರುವವರು ಎಂದಲ್ಲ. ನೀವು, ಬರಲಿರುವ ಸಂಗಾತಿ, ಮದುವೆಯಾಗದ 21 ವರ್ಷದೊಳಗಿನ ಮಕ್ಕಳು, ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದವರು, ಜೊತೆಗೆ ಹಿಂದೆ ನೀವು ಐ-864 ಸಹಿ ಹಾಕಿ ಕರೆಸಿಕೊಂಡು ಈಗಲೂ ಗ್ರೀನ್ ಕಾರ್ಡ್ ಮೇಲೆ ಇರುವವರು. ನಮ್ಮವರು ಎಡವುವುದು ಈ ಕೊನೆಯ ಗುಂಪಿನಲ್ಲಿ. ಅಪ್ಪ ಅಮ್ಮನನ್ನು ಮೊದಲೇ ಕರೆಸಿಕೊಂಡಿದ್ದರೆ, ಅವರು ಅಣ್ಣನ ಮನೆಯಲ್ಲೇ ಇರಲಿ, ನಿಮ್ಮ ಲೆಕ್ಕದಲ್ಲಿ ಇಬ್ಬರೂ ಸೇರುತ್ತಾರೆ. ಇನ್ನೊಂದು ಉಲ್ಟಾ ತಪ್ಪು: ಸಂಗಾತಿಯನ್ನು ‘ಪ್ರಾಯೋಜಿಸುತ್ತಿರುವ ವ್ಯಕ್ತಿ’ ಎಂದು ಒಮ್ಮೆ, ‘ನನ್ನ ಪತಿ/ಪತ್ನಿ’ ಎಂದು ಇನ್ನೊಮ್ಮೆ ಎಣಿಸುವುದು. ಐದನೇ ಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಖಾನೆ ಇರುವುದರಿಂದ ಕೈ ತಾನಾಗಿ 1 ಬರೆದುಬಿಡುತ್ತದೆ. ಒಬ್ಬರನ್ನು ಒಂದೇ ಸಲ ಎಣಿಸಬೇಕು.

ಸಂಖ್ಯೆ ಸಿಕ್ಕಮೇಲೆ ಐ-864ಪಿ ಎಂಬ ಪಟ್ಟಿ ನೋಡಿ. ಬಡತನ ರೇಖೆಯ ಶೇ. 125ರಷ್ಟು ಆದಾಯ ಬೇಕು. ಅಮೆರಿಕದ ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿದ್ದು ಸಂಗಾತಿಯನ್ನು ಕರೆಸುವವರಿಗೆ ಶೇ. 100 ಸಾಕು. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ 26,437 ಡಾಲರ್, ಮೂವರಿಗೆ 33,312, ನಾಲ್ವರಿಗೆ 40,187 ಇತ್ತು. ಅಲಾಸ್ಕಾ, ಹವಾಯಿಗೆ ಅಂಕಿ ಇನ್ನೂ ಹೆಚ್ಚು. ಪಟ್ಟಿ ಪ್ರತಿವರ್ಷ ಬದಲಾಗುತ್ತದೆ, ಹಾಗಾಗಿ ಅಪ್‌ಲೋಡ್ ಮಾಡುವ ದಿನ ಚಾಲ್ತಿಯಲ್ಲಿರುವುದನ್ನೇ ತೆಗೆದು ನೋಡಿ. ಅಪ್ಪ ಅಮ್ಮನನ್ನು ಮರೆತವರು 26 ಸಾವಿರ ಸಾಕೆಂದುಕೊಂಡಿರುತ್ತಾರೆ, ನಿಜವಾಗಿ ಬೇಕಿರುವುದು 40 ಸಾವಿರ.

ಈಗ ಆದಾಯ. ‘ಈಗಿನ ವಾರ್ಷಿಕ ಆದಾಯ’ ಅಂದರೆ ಕೈಗೆ ಬರುವ ಸಂಬಳವಲ್ಲ, ಕಡಿತಕ್ಕೆ ಮುಂಚಿನದು. ಸಂಬಳ ಎರಡು ವಾರಕ್ಕೊಮ್ಮೆ ಬರುತ್ತಿದ್ದರೆ 26ರಿಂದ ಗುಣಿಸಬೇಕು, ತಿಂಗಳಿಗೆರಡು ಸಲ ಬರುತ್ತಿದ್ದರೆ 24ರಿಂದ. ಇದು ಚಿಲ್ಲರೆ ವಿಷಯವಲ್ಲ. ಎರಡು ವಾರಕ್ಕೆ 1,100 ಡಾಲರ್ ಪಡೆಯುವವರು 24ರಿಂದ ಗುಣಿಸಿದರೆ 26,400, ಅಂದರೆ ಇಬ್ಬರ ಮನೆಗೆ 2025ರಲ್ಲಿದ್ದ ಗಡಿಗಿಂತ ಕೆಳಗೆ. ಸರಿಯಾಗಿ 26ರಿಂದ ಗುಣಿಸಿದರೆ 28,600, ಗಡಿ ದಾಟಿತು.

ತೆರಿಗೆಯ ಖಾನೆಯಲ್ಲಿ ಕೇಳುವುದು 1040 ಫಾರ್ಮಿನ, ಅಂದರೆ ವಾರ್ಷಿಕ ತೆರಿಗೆ ರಿಟರ್ನಿನ, 9ನೇ ಸಾಲಿನ ಒಟ್ಟು ಆದಾಯ. ಸ್ವಲ್ಪ ಕೆಳಗಿರುವ ಅಡ್ಜಸ್ಟೆಡ್ ಗ್ರಾಸ್ ಇನ್‌ಕಮ್ ಬರೆದರೆ ಅಂಕಿ ತಾಳೆಯಾಗುವುದಿಲ್ಲ. ಸ್ವಂತ ವ್ಯವಹಾರದವರು ವಹಿವಾಟಿನ ಮೊತ್ತ ಬರೆಯಬಾರದು. ಖರ್ಚು ಕಳೆದ ಮೇಲೆ ರಿಟರ್ನಿನ ಶೆಡ್ಯೂಲ್ ಸಿ ಎಂಬ ಅನುಬಂಧ ತೋರಿಸುವ ಲಾಭವೇ ಲೆಕ್ಕಕ್ಕೆ ಬರುವುದು. ತೆರಿಗೆ ಉಳಿಸಲು ಖರ್ಚನ್ನೆಲ್ಲ ತೋರಿಸಿದವರಿಗೆ ಇಲ್ಲಿ ಅದು ತಿರುಗಿ ಬಡಿಯುತ್ತದೆ. ಕಳೆದ ವರ್ಷದ ತೆರಿಗೆ ಅಂಕಿಗೂ ಈಗಿನ ಸಂಬಳಕ್ಕೂ ಅಜಗಜಾಂತರವಿದ್ದರೆ, ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರ ಹಾಗೆ, ಕಂಪನಿಯಿಂದ ಪತ್ರ ಬೇಕೇ ಬೇಕು: ಹುದ್ದೆ, ಸೇರಿದ ದಿನ, ವಾರ್ಷಿಕ ಸಂಬಳ. ಅದರ ಜೊತೆ ಇತ್ತೀಚಿನ ಆರು ತಿಂಗಳ ಪೇ ಸ್ಟಬ್, ಅಂದರೆ ಸಂಬಳದ ಚೀಟಿ. ಮುಖ್ಯವಾಗಿ ನೋಡುವುದು ಈಗಿನ ಆದಾಯವನ್ನೇ, ಆದರೆ ಅದನ್ನು ನಂಬಿಸುವ ಹೊಣೆ ನಿಮ್ಮದು.

ತೆರಿಗೆ ಪುರಾವೆಗೆ ನಾನು ಹಾಕಿದ್ದು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳುವ ಟ್ಯಾಕ್ಸ್ ರಿಟರ್ನ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ರಿಟರ್ನಿನ ಸಾರಾಂಶ. ಅಲ್ಲೇ ಪಕ್ಕದಲ್ಲಿ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಎಂಬುದೂ ಇರುತ್ತದೆ, ಅದಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಿ ನಿಮ್ಮ ಹೆಸರು ಅರ್ಧಕ್ಕೇ ನಿಂತಿರುತ್ತದೆ, ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಕೊನೆಯ ನಾಲ್ಕೇ ಅಂಕಿ ಕಾಣುತ್ತದೆ. ಗಾಬರಿ ಬೇಡ, ಅದನ್ನು ಬೇಕೆಂದೇ ಮರೆಮಾಡಿರುತ್ತಾರೆ. ಟ್ರಾನ್ಸ್‌ಕ್ರಿಪ್ಟ್ ಬದಲು ರಿಟರ್ನಿನ ನಕಲು ಕೊಡುವುದಾದರೆ ಎಲ್ಲ ಶೆಡ್ಯೂಲ್, ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕ), 1099 (ಇತರ ಆದಾಯದ ಲೆಕ್ಕ) ಸಮೇತ ಕೊಡಬೇಕು. ಜಂಟಿ ರಿಟರ್ನ್ ಆಗಿದ್ದರೆ ಯಾರ ಆದಾಯ ಎಷ್ಟು ಎಂದು ಬಿಡಿಸಿ ತೋರಿಸಲು ಟ್ರಾನ್ಸ್‌ಕ್ರಿಪ್ಟ್ ಜೊತೆಗೂ ಡಬ್ಲ್ಯು-2 ಬೇಕಾಗುತ್ತದೆ.

ಫೈಲಿಂಗ್ ಸ್ಟೇಟಸ್, ಅಂದರೆ ವಿವಾಹಿತರೋ ಅವಿವಾಹಿತರೋ ಎಂಬುದು ಕೂಡ ಅದೇ ಕಾಗದದಲ್ಲಿ ಎದ್ದು ಕಾಣುತ್ತದೆ. ನವೆಂಬರಿನಲ್ಲಿ ಊರಿಗೆ ಬಂದು ಮದುವೆಯಾಗಿ, ಆ ವರ್ಷದ ರಿಟರ್ನಿನಲ್ಲಿ ‘ಸಿಂಗಲ್’ ಎಂದು ತುಂಬುವವರಿದ್ದಾರೆ. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಆ ಇಡೀ ವರ್ಷಕ್ಕೆ ನೀವು ವಿವಾಹಿತರೇ. ಒಂದು ಕಡೆ ಮದುವೆ ಪ್ರಮಾಣಪತ್ರ, ಇನ್ನೊಂದು ಕಡೆ ಅವಿವಾಹಿತನೆಂಬ ರಿಟರ್ನ್ ಇಟ್ಟುಕೊಂಡು ಸಂದರ್ಶನಕ್ಕೆ ಹೋಗುವ ಬದಲು 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಹಾಕಿ ಮೊದಲೇ ತಿದ್ದಿಕೊಳ್ಳುವುದು ಒಳ್ಳೆಯದು.

ಅಮೆರಿಕದ ಪೌರತ್ವ ಪಡೆದು ಬೆಂಗಳೂರಿಗೆ ವಾಪಸಾಗಿ, ಈಗ ಸಂಗಾತಿಯೊಂದಿಗೆ ಮತ್ತೆ ಹೊರಟವರ ಪಾಡು ಬೇರೆ. ಬೆಂಗಳೂರಿನ ಕಂಪನಿಯ ಸಂಬಳ ಹೊರಟ ದಿನ ನಿಲ್ಲುವುದಾದರೆ ಅದು ಲೆಕ್ಕಕ್ಕಿಲ್ಲ. ಅಲ್ಲಿಗೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುತ್ತದೆಂದು ಕಂಪನಿ ಬರೆದುಕೊಟ್ಟರೆ ಮಾತ್ರ ಉಂಟು. ಭಾರತದಲ್ಲಿ ದುಡಿದರೂ ಅಮೆರಿಕದ ರಿಟರ್ನ್ ಸಲ್ಲಿಸಿರಬೇಕು. ಫಾರ್ಮ್ 2555 ಮೂಲಕ ವಿದೇಶಿ ಸಂಬಳಕ್ಕೆ ವಿನಾಯಿತಿ ಪಡೆದಿದ್ದರೆ 9ನೇ ಸಾಲಿನಲ್ಲಿ ಸೊನ್ನೆ ಬಂದಿರಬಹುದು. ಫಾರ್ಮಿನಲ್ಲೂ ಸೊನ್ನೆಯನ್ನೇ ಬರೆದು, 2555ರ ಪ್ರತಿ ಮತ್ತು ನಾಲ್ಕು ಸಾಲಿನ ವಿವರಣೆ ಲಗತ್ತಿಸಿ. ಇದರ ಮೇಲೆ ವಾಸಸ್ಥಳದ ಪ್ರಶ್ನೆ. ಸ್ಪಾನ್ಸರ್, ಅಂದರೆ ಕರೆಸಿಕೊಳ್ಳುವವರು, ಅಮೆರಿಕದಲ್ಲಿ ನೆಲೆಸಿರಬೇಕು, ಇಲ್ಲವೇ ಸಂಗಾತಿ ಅಲ್ಲಿಗೆ ಕಾಲಿಡುವಷ್ಟರಲ್ಲಿ ನೆಲೆಸುವುದನ್ನು ತೋರಿಸಬೇಕು. ಕೆಲಸದ ಆಫರ್, ಬಾಡಿಗೆ ಕರಾರು, ಮಕ್ಕಳ ಶಾಲಾ ಪ್ರವೇಶ, ಅಲ್ಲಿನ ಚಾಲ್ತಿ ಬ್ಯಾಂಕ್ ಖಾತೆ, ಮತದಾರರ ನೋಂದಣಿ ಇವೆಲ್ಲ ನಡೆಯುತ್ತವೆ. ‘ಹೋಗುವ ಉದ್ದೇಶವಿದೆ’ ಎಂಬ ಬರಿಯ ಪತ್ರಕ್ಕೆ ತೂಕವಿಲ್ಲ.

ಆದಾಯ ಸಾಲದಿದ್ದರೆ ಮುಖ್ಯವಾಗಿ ಎರಡು ದಾರಿ. ಜಾಯಿಂಟ್ ಸ್ಪಾನ್ಸರ್ ಸುಲಭದ್ದು: ಅಮೆರಿಕದಲ್ಲಿ ನೆಲೆಸಿರುವ, 18 ದಾಟಿದ ಪೌರ ಅಥವಾ ಗ್ರೀನ್ ಕಾರ್ಡ್‌ದಾರ ಯಾರಾದರೂ ಆಗಬಹುದು, ನೆಂಟರೇ ಆಗಬೇಕಿಲ್ಲ. ಅವರು ತಮ್ಮ ಮನೆಮಂದಿಯ ಜೊತೆ ನಿಮ್ಮ ಸಂಗಾತಿಯನ್ನೂ ಸೇರಿಸಿ ಶೇ. 125ನ್ನು ಒಬ್ಬರೇ ಮುಟ್ಟಬೇಕು. ನಿಮ್ಮ ಆದಾಯ ಅವರ ಆದಾಯ ಕೂಡಿಸುವಂತಿಲ್ಲ. ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ನಕಲು ಕೊಡಬೇಕು. ಅವರು ಬಂದರೆಂದು ನಿಮ್ಮ ಫಾರ್ಮ್ ತಪ್ಪುವುದಿಲ್ಲ, ನಿಮ್ಮ ಆದಾಯ ಸೊನ್ನೆಯಾದರೂ ನಿಮ್ಮದೊಂದು ಐ-864 ಇರಲೇಬೇಕು.

ಇನ್ನೊಂದು ದಾರಿ ಆಸ್ತಿ. ಸ್ಪಾನ್ಸರ್ ಪೌರನಾಗಿದ್ದರೆ ಕೊರತೆಯ ಮೂರು ಪಟ್ಟು, ಗ್ರೀನ್ ಕಾರ್ಡ್‌ದಾರನಾಗಿದ್ದರೆ ಐದು ಪಟ್ಟು. 5,000 ಡಾಲರ್ ಕಡಿಮೆ ಬಿದ್ದರೆ ಪೌರನಿಗೆ 15,000, ಗ್ರೀನ್ ಕಾರ್ಡಿಗೆ 25,000. ಬರುವ ಸಂಗಾತಿಯ ಆಸ್ತಿಯೂ ನಡೆಯುತ್ತದೆ, ಆದರೆ ಒಂದು ವರ್ಷದೊಳಗೆ ನಗದಾಗುವಂತಿರಬೇಕು, ಹಣ ಭಾರತದಿಂದ ಹೊರಗೆ ಹೋಗುವಂತಿರಬೇಕು. ಫಿಕ್ಸೆಡ್ ಡಿಪಾಸಿಟ್ ಎಲ್ಲಕ್ಕಿಂತ ಸಲೀಸು: ಖಾತೆ ತೆರೆದ ದಿನ, ವರ್ಷದ ಜಮೆ, ಈಗಿನ ಬಾಕಿ ಇರುವ ಬ್ಯಾಂಕ್ ಪತ್ರ ಸಾಕು. ಹೋದ ವಾರ ಮಾವ ಹಾಕಿದ ದೊಡ್ಡ ಮೊತ್ತಕ್ಕೆ ಮಾತ್ರ ಪ್ರಶ್ನೆ ಬರುತ್ತದೆ. ಮೈಸೂರಿನ ಸೈಟು ಅಥವಾ ಫ್ಲ್ಯಾಟ್ ಆದರೆ ಕ್ರಯಪತ್ರ, ಖಾತಾ, ಋಣಭಾರ ಪತ್ರ, ಮೌಲ್ಯಮಾಪಕರ ವರದಿ, ಸಾಲವಿದ್ದರೆ ಅದರ ಬಾಕಿ. ಕನ್ನಡದ ಪತ್ರಗಳಿಗೆಲ್ಲ ಅನುವಾದಕರು ಸಹಿಮಾಡಿದ ಇಂಗ್ಲಿಷ್ ಅನುವಾದ. ಭಾಗವಾಗದ ಪಿತ್ರಾರ್ಜಿತ ಜಮೀನನ್ನು ಕೈಬಿಡಿ. ಅಣ್ಣತಮ್ಮಂದಿರ ಸಹಿಯಿಲ್ಲದೆ ಮಾರಲಾಗದ್ದು ವರ್ಷದೊಳಗೆ ನಗದಾಗುತ್ತದೆಂದು ಯಾರೂ ಒಪ್ಪುವುದಿಲ್ಲ, ಪಹಣಿಯಲ್ಲಿ ಬೆಲೆಯೂ ಇರುವುದಿಲ್ಲ. ಹಾಗೆಯೇ ಸಂಬಳವೇ ಗಡಿ ದಾಟಿದ್ದರೆ ಆಸ್ತಿಯ ಭಾಗವನ್ನು ಖಾಲಿ ಬಿಡಿ. ಕಾಗದ ಹೆಚ್ಚಿದಷ್ಟೂ ಪ್ರಶ್ನೆ ಹೆಚ್ಚುತ್ತದೆ.

ಆಮೇಲಷ್ಟೇ ಫಾರ್ಮ್. ಸಂಬಳ ಅಥವಾ ಪಿಂಚಣಿಯಷ್ಟೇ ಆದಾಯ, ಬರುವವರೂ ಒಬ್ಬರೇ ಆಗಿದ್ದರೆ ಚಿಕ್ಕದಾದ ಐ-864ಇಝಡ್ ಸಾಕು. ಐ-134 ಎಂಬುದು ಮದುವೆ ನಿಶ್ಚಯವಾದವರ ಕೆ-1 ವೀಸಾಕ್ಕೆ. ಮದುವೆಯಾದವರು ಅದನ್ನು ತುಂಬಿದರೆ ಕೆಲಸಕ್ಕೆ ಬಾರದು. ಸಂಗಾತಿಯ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ, ಇನಿಷಿಯಲ್ ಬಿಡಿಸುವುದು ಕೂಡಿಸುವುದು ಬೇಡ. ಟೈಪ್ ಮಾಡಿ ಪ್ರಿಂಟ್ ತೆಗೆದು ಪೆನ್ನಿನಲ್ಲಿ ಸಹಿ ಮಾಡಿ, ಖಾಲಿ ಪುಟಗಳೂ ಸೇರಿದಂತೆ ಎಲ್ಲ ಪುಟ ಸ್ಕ್ಯಾನ್ ಮಾಡಿ. ನೋಟರಿ ಬೇಕಿಲ್ಲ. ಸಹಿಯಿಲ್ಲದ್ದು, ಪುಟ ಬಿಟ್ಟದ್ದು ಹಾಗೇ ವಾಪಸ್ ಬರುತ್ತದೆ.

ಸಹಿಯ ತೂಕವನ್ನು ಜಾಯಿಂಟ್ ಸ್ಪಾನ್ಸರ್‌ಗೂ ಮೊದಲೇ ಹೇಳಿಬಿಡಿ. ಇದು ಕಾನೂನುಬದ್ಧ ಕರಾರು. ಸಂಗಾತಿ ಪೌರರಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ದುಡಿಮೆ ಅವರ ಹೆಸರಿಗೆ ಸೇರುವವರೆಗೆ, ಅಥವಾ ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಡುವವರೆಗೆ, ಇಲ್ಲವೇ ತೀರಿಕೊಳ್ಳುವವರೆಗೆ ಹೊಣೆ ಇರುತ್ತದೆ. ವಿಚ್ಛೇದನದಿಂದ ಅದು ಹರಿಯುವುದಿಲ್ಲ. ಮನೆ ಬದಲಿಸಿದರೆ 30 ದಿನದೊಳಗೆ ಹೊಸ ವಿಳಾಸ ತಿಳಿಸುವ ಐ-865 ಕಳಿಸಬೇಕು.

ಎನ್‌ವಿಸಿ ಒಪ್ಪಿತೆಂದರೆ ಕಾಗದ ಪೂರ್ತಿ ಇದೆ ಎಂದಷ್ಟೇ. ಆದಾಯ ಸಾಕೇ ಎಂಬ ತೀರ್ಮಾನ ಸಂದರ್ಶನದ ಅಧಿಕಾರಿಯದು. ಕರ್ನಾಟಕದ ಪ್ರಕರಣಗಳು ಸಾಮಾನ್ಯವಾಗಿ ಮುಂಬೈ ಕಾನ್ಸುಲೇಟಿಗೆ ಹೋಗುತ್ತವೆ. ನಡುವೆ ಏಪ್ರಿಲ್ ದಾಟಿದ್ದರೆ ಹೊಸ ವರ್ಷದ ಟ್ರಾನ್ಸ್‌ಕ್ರಿಪ್ಟ್, ಕೆಲಸ ಬದಲಾಗಿದ್ದರೆ ಹೊಸ ಕಂಪನಿಯ ಪತ್ರ, ಇತ್ತೀಚಿನ ಪೇ ಸ್ಟಬ್‌ಗಳನ್ನು ಸಂಗಾತಿಯ ಕೈಗೆ ಕೊಟ್ಟು ಕಳಿಸಿ. ಆದಾಯ ಗಡಿಯ ಹತ್ತಿರವೇ ಇದ್ದರೆ ಜಾಯಿಂಟ್ ಸ್ಪಾನ್ಸರ್‌ನ ಸಹಿಯಾದ ಫಾರ್ಮನ್ನೂ ಅದೇ ಕವರಿನಲ್ಲಿಡಿ. ದಾಖಲೆ ಸಾಲದೆಂದು ವೀಸಾ ತಡೆಹಿಡಿಯುವ 221(ಜಿ) ಚೀಟಿ ಕೊಟ್ಟರೆ ಕೇಳಿದ್ದನ್ನು ಒದಗಿಸಲು ಒಂದು ವರ್ಷ ಕಾಲಾವಕಾಶವಿದೆ, ಅದು ದಾಟಿದರೆ ಹೊಸ ಅರ್ಜಿ, ಹೊಸ ಶುಲ್ಕ.