ಕೈಯಾರೆ ಸರಿ ಮಾಡಿದ ಹಳೇ ಜೀಪನ್ನು ಮಾರುವುದು ಹೇಗೆ?

ಚನ್ನಗಿರಿ ಕಡೆಯ ಒಂದು ಅಡಿಕೆ ತೋಟದ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ನಿಂತಿತ್ತು, 1968ರ ಮಹೀಂದ್ರ ಸಿಜೆ-3ಬಿ ಜೀಪು. ಲಾರಿ ಮೇಲೆ ದಾವಣಗೆರೆಗೆ ತಂದಾಗ ನಾಲ್ಕೂ ಟೈರಿನಲ್ಲಿ ಗಾಳಿ ಇರಲಿಲ್ಲ, ಕಾಲಿಡುವ ಜಾಗದ ತಗಡಿನಲ್ಲಿ ಕೈ ತೂರುವಷ್ಟು ತೂತು. ಮೂರು ವರ್ಷ ಹಿಡಿದು ಸರಿ ಮಾಡಿದೆ. ಆಮೇಲೆ ಮನೆಯಲ್ಲಿ ನಿಲ್ಲಿಸಲು ಜಾಗ ಸಾಲದೆ ಮಾರಬೇಕಾಯಿತು. ಮಾರುವ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು, ಅದರಲ್ಲಿ ಅರ್ಧಕ್ಕರ್ಧ ದಿನ ನಾನು ಮೊದಲೇ ಮಾಡಬೇಕಿದ್ದ ಕೆಲಸಕ್ಕೇ ಹೋಯಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಗಾಡಿ ಕೊಳ್ಳಲು ಬರುವವರು ಹೊಳಪಿಗೆ ದುಡ್ಡು ಕೊಡುವುದಿಲ್ಲ. ಪೇಂಟಿನ ಕೆಳಗೆ ಏನಿದೆ ಅನ್ನುವುದು ಅವರಿಗೆ ಕಾಣುವುದಿಲ್ಲ, ಅದು ಗೊತ್ತಿರುವುದು ನಿಮಗೆ ಮಾತ್ರ. ಅದನ್ನು ಅವರಿಗೆ ತೋರಿಸುವುದೇ ಮಾರಾಟ.

ಮೊದಲು ಆರ್‌ಸಿ ತೆಗೆಯಿರಿ

ಗಾಡಿ ಯಾರ ಹೆಸರಲ್ಲಿದೆ? ಹಳೇ ಜೀಪುಗಳು ಎಷ್ಟೋ ಸಲ ತಾತನ ಹೆಸರಲ್ಲೇ ಇರುತ್ತವೆ. ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ. ಹಾಗಿದ್ದರೆ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರಂ 31 ಹಾಕಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಕಾಗದ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯನ್ನೂ ಈಗಲೇ ಬರೆಸಿಕೊಳ್ಳಿ. ಗಿರಾಕಿ ಅಡ್ವಾನ್ಸ್ ಕೊಟ್ಟ ಮೇಲೆ ಚಿಕ್ಕಪ್ಪನ ಮಗ ಬಂದು "ನನಗೂ ಪಾಲಿದೆ" ಅಂದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಇದ್ದರೆ ಗಾಬರಿ ಬೇಡ. ನಂಬರ್ ಎಂವೈ ಅಂತ ಶುರುವಾಗಿದ್ದರೆ ಅದು ಮೈಸೂರು ರಾಜ್ಯದ ಕಾಲದ್ದು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗುವುದಕ್ಕಿಂತ ಮೊದಲಿನದ್ದು. ಇಂಥ ನಂಬರಿಗೆ ಪ್ರೀತಿಯಿಂದ ಜಾಸ್ತಿ ಕೊಡುವವರಿದ್ದಾರೆ, ಕಳೆದುಕೊಳ್ಳಬೇಡಿ. ಆದರೆ ಆರ್‌ಸಿ ಹಳೇ ಪುಸ್ತಕದ ರೂಪದಲ್ಲೇ ಇದ್ದು ಆನ್‌ಲೈನ್‌ನಲ್ಲಿ ಗಾಡಿ ಸಿಗದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಅದಿಲ್ಲದೆ ಮುಂದಿನ ಯಾವ ಅರ್ಜಿಯೂ ಓಡುವುದಿಲ್ಲ. ಹದಿನೈದು ವರ್ಷ ಮುಗಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಿರಬೇಕು ಅನ್ನುವುದೂ ಗೊತ್ತಿರಲಿ. ಬಾಕಿ ಇದ್ದರೆ ಕಟ್ಟಿ ಮುಗಿಸಿ. ಸಾಲದ ನಮೂದು ಇದ್ದರೆ ಫಾರಂ 35 ಹಾಕಿ ತೆಗೆಸಿ.

ನಂಬರ್, ಎಂಜಿನ್, ಬಣ್ಣ

ನಾನು ಹೆಚ್ಚು ದಿನ ಕಳೆದುಕೊಂಡಿದ್ದು ಇಲ್ಲೇ.

ಆರ್‌ಸಿಯನ್ನು ಕೈಯಲ್ಲಿ ಹಿಡಿದು ಗಾಡಿ ಹತ್ತಿರ ಹೋಗಿ. ಚಾಸಿಸ್ ನಂಬರ್ ಓದಿ, ಎಂಜಿನ್ ನಂಬರ್ ಓದಿ. ಸಿಜೆ-3ಬಿಯ ಪೆಟ್ರೋಲ್ ಎಂಜಿನ್ನಿನ ನಂಬರ್ ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪಿನ ಹಿಂದೆಯೇ ಇರುತ್ತದೆ. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಎರಡರ ಅಚ್ಚೂ ಸ್ಪಷ್ಟವಾಗಿ ಬರಬೇಕು. ನನ್ನ ಗಾಡಿಗೆ ಪೇಂಟ್ ಮಾಡಿದವರು ಚಾಸಿಸ್ ನಂಬರಿನ ಮೇಲೂ ಪುಟ್ಟಿ ಎಳೆದು ಬಣ್ಣ ಹೊಡೆದಿದ್ದರು. ತಪಾಸಣೆಯ ದಿನ ಎರಡು ಅಂಕಿ ಓದಲು ಬರಲಿಲ್ಲ. ಪುಟ್ಟಿಯನ್ನು ಥಿನ್ನರ್ ಹಾಕಿ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೆದೆವು. ಕಬ್ಬಿಣಕ್ಕೆ ಗ್ರೈಂಡರ್ ಮುಟ್ಟಿಸಬೇಡಿ. ನಂಬರ್ ಸವೆದರೆ ತಿದ್ದಿದ ಗಾಡಿ ಅನ್ನುವ ಅನುಮಾನ ಬರುತ್ತದೆ, ಅದನ್ನು ಕಳೆಯುವುದು ಬಹಳ ಕಷ್ಟ. ನನ್ನ ಮೊದಲ ಗಿರಾಕಿ, ಮೂಡಿಗೆರೆ ಕಡೆಯ ಕಾಫಿ ತೋಟದವರು, ಎರಡು ತಿಂಗಳು ಕಾದು ಬೇರೆ ಗಾಡಿ ತೆಗೆದುಕೊಂಡರು. ಈಗಲೂ ಆ ಬೇಜಾರು ಇದೆ.

ಎಂಜಿನ್ ವಿಷಯ ಇನ್ನೂ ದೊಡ್ಡದು. ಸಿಜೆ-3ಬಿಯ ಬಾನೆಟ್ ಅಷ್ಟು ಎತ್ತರ ಇರುವುದೇ ಅದರ ಹರಿಕೇನ್ ಎಂಜಿನ್ನಿನಿಂದ. ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ, ಹಾಗಾಗಿ ಎಂಜಿನ್ ಇದಕ್ಕೂ ಮುಂಚಿನ ವಿಲ್ಲೀಸ್ ಜೀಪಿನದ್ದಕ್ಕಿಂತ ಎತ್ತರವಾಯಿತು. ಪೆಟ್ರೋಲಿನ ಖರ್ಚು ತಾಳದೆ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ರೈತರು ನಮ್ಮ ಕಡೆ ಬೇಕಾದಷ್ಟು ಜನ. ಅದು ತಪ್ಪಲ್ಲ, ತೋಟದ ಕೆಲಸಕ್ಕೆ ಅದೇ ಸರಿ. ಆದರೆ ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು. ಆಗಿರದಿದ್ದರೆ ಮಾರುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಮಾತಾಡಿ. ಮುಚ್ಚಿಟ್ಟು ಮಾರಬೇಡಿ.

ಬಣ್ಣ. ಜೀಪು ಅಂದರೆ ಮಿಲಿಟರಿ ಹಸಿರು ಅಂತ ತುಂಬಾ ಜನಕ್ಕೆ ಆಸೆ. ಚಿತ್ರದುರ್ಗದ ಗೆಳೆಯರೊಬ್ಬರು ಅಷ್ಟು ಚೆನ್ನಾಗಿ ಟಿಂಕರಿಂಗ್ ಮಾಡಿಸಿ, ಕೊನೆಗೆ ಆಲಿವ್ ಗ್ರೀನ್ ಹೊಡೆಸಿಬಿಟ್ಟರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಇಡೀ ಗಾಡಿಗೆ ಮತ್ತೆ ಪೇಂಟ್ ಮಾಡಿಸಬೇಕಾಯಿತು. ಬೇರೆ ಯಾವ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ಅದೇ ಬಣ್ಣ ಬರೆದಿರಬೇಕು.

ವಿಂಟೇಜ್ ಮಾಡಿಸಬೇಕಾ, ಬೇಡವಾ?

2021ರಿಂದ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಆಮೇಲೆ ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ವಿಂಟೇಜ್ ಆದ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಬೆಂಗಳೂರಿನ ಸಂಗ್ರಹಕಾರರಿಗೆ ಅದು ಸಾಕು. ಸಕಲೇಶಪುರದ ತೋಟಕ್ಕೆ ಬೇಕು ಅನ್ನುವವರಿಗೆ ಅದು ಕೈ ಕಟ್ಟಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಮಾರುವವರು ಮೊದಲೇ ವಿಂಟೇಜ್ ಮಾಡಿಸಬೇಡಿ. ಮಾಮೂಲಿ ಆರ್‌ಸಿ ಚಾಲ್ತಿಯಲ್ಲಿಟ್ಟು ಮಾರಿ, ಬೇಕಾದವರು ಆಮೇಲೆ ಮಾಡಿಸಿಕೊಳ್ಳುತ್ತಾರೆ. ಈಗಾಗಲೇ ಮಾಡಿಸಿದ್ದರೆ, ಮಾರಿದ 90 ದಿನದೊಳಗೆ ಕೊಂಡವರು, ಮಾರಿದವರು ಇಬ್ಬರೂ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ಒಂದು ಫೈಲು ಮಾಡಿ

ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಬೆಳ್ಳಿ ಬಣ್ಣ ಬಳಿಯುವ ಮುಂಚಿನ ಚಾಸಿಸ್ಸಿನ ಫೋಟೋ, ತುಕ್ಕು ಹಿಡಿದ ತಗಡಿನ ಫೋಟೋ, ಹೊಸ ತಗಡು ವೆಲ್ಡ್ ಮಾಡುವಾಗಿನದ್ದು, ಪುಟ್ಟಿ ಹಾಕುವ ಮೊದಲಿನದ್ದು, ಎಲ್ಲವನ್ನೂ ತಾರೀಖಿನ ಪ್ರಕಾರ ಪ್ರಿಂಟ್ ಹಾಕಿಸಿ. ಹರಿಹರದ ಲೇತಿನಲ್ಲಿ ರೀಬೋರ್ (ಸವೆದ ಸಿಲಿಂಡರನ್ನು ಕೊರೆದು ಸರಿ ಮಾಡುವುದು) ಮಾಡಿಸಿದ ಚೀಟಿ, ಬೇರಿಂಗಿನ ಬಿಲ್ಲು, ಬ್ರೇಕ್ ಲೈನಿಂಗ್ ಬಿಲ್ಲು, ಕೈಬರಹದ ಚೀಟಿಯಾದರೂ ಇರಲಿ. ಹೊಸದುರ್ಗ, ಹೊಳಲ್ಕೆರೆ ಕಡೆ ಗಣಿಗಳಲ್ಲಿ ದುಡಿದ ಜೀಪಾದರೆ ಚಾಸಿಸ್ಸಿನ ಒಳಗೆ ಕೆಂಪು ಧೂಳು ಕೂತು ತೇವ ಹಿಡಿದಿರುತ್ತದೆ, ಅದನ್ನು ತೊಳೆದು ತೆಗೆದ ಫೋಟೋ ಖಂಡಿತ ಇಡಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿ ಬರೆದಿಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದನ್ನೇ ತಿಳಿದವರು ನೋಡುತ್ತಾರೆ.

ಆಮೇಲೆ ಒಂದೇ ಹಾಳೆಯಲ್ಲಿ ಮೂರು ವಿಷಯ ಬರೆಯಿರಿ. ಯಾವುದು ಮೂಲದ್ದು, ಯಾವುದು ಬದಲಾಗಿದ್ದು, ಯಾವುದು ಇನ್ನೂ ಸರಿಯಿಲ್ಲ. ನನ್ನ ಹಾಳೆಯಲ್ಲಿ ಹೀಗಿತ್ತು: ಚಾಸಿಸ್, ಎಂಜಿನ್, ಗೇರ್‌ಬಾಕ್ಸ್ ಮೂಲದ್ದು. ನೆಲದ ತಗಡು, ಎಡಗಡೆ ಮಡ್‌ಗಾರ್ಡ್, ಮೇಲಿನ ಹುಡ್ ಹೊಸದು. ಸ್ಟೀರಿಂಗಿನಲ್ಲಿ ಸ್ವಲ್ಪ ಪ್ಲೇ (ಸಡಿಲ) ಇದೆ. ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ರಾತ್ರಿಗೆ ನಾಲ್ಕಾರು ಹನಿ ಆಯಿಲ್ ಬೀಳುತ್ತದೆ. ಪೆಟ್ರೋಲ್ ಮುಳ್ಳು ನಂಬುವಂತಿಲ್ಲ. ಕೊನೆಗೆ ಗಾಡಿ ಕೊಂಡವರು ಹೇಳಿದರು, ಆ ಮೂರನೇ ಭಾಗ ಓದಿದ ಮೇಲೆಯೇ ಮೊದಲೆರಡು ಭಾಗ ನಂಬಿದೆ ಅಂತ.

ಬೆಲೆ

ಖರ್ಚು ಮಾಡಿದ್ದೆಲ್ಲ ವಾಪಸ್ ಬರುವುದಿಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಮೂರು ವರ್ಷದ ಭಾನುವಾರಗಳಿಗೆ ಯಾರೂ ಕೂಲಿ ಕಟ್ಟುವುದಿಲ್ಲ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಕೈಗೆ ಸೇರುವ ಬೆಲೆ ಬೇರೆ. ಅದು ಗೊತ್ತಿರುವುದು ಜೀಪು ಕೆಲಸ ಮಾಡುವ ಮೆಕ್ಯಾನಿಕ್‌ಗಳಿಗೆ. ಮೂರು ನಾಲ್ಕು ಜನರ ಹತ್ತಿರ ಹೋಗಿ, ಟೀ ಕುಡಿಯುತ್ತಾ ಕೇಳಿ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅನ್ನುವ ಒಂದು ಅಂಕಿಯನ್ನು ಮನೆಯವರ ಜೊತೆ ಕೂತು ಮೊದಲೇ ತೀರ್ಮಾನ ಮಾಡಿ. ಬ್ರೋಕರ್ ಮಧ್ಯೆ ಬಂದರೆ ಕಮಿಷನ್ ಎಷ್ಟು, ಕೊಡುವವರು ಯಾರು ಅನ್ನುವುದು ಗಿರಾಕಿ ಬರುವ ಮುಂಚೆ ಮಾತಾಗಿರಲಿ.

ಫೋಟೋ

ನಾನು ಕೊಂಡಜ್ಜಿ ಕೆರೆ ಹತ್ತಿರ ಬೆಳಗ್ಗೆ ಏಳಕ್ಕೆ ತೆಗೆದೆ. ಚಿತ್ರದುರ್ಗದವರಿಗೆ ಚಂದ್ರವಳ್ಳಿ ಇದೆ. ಅಂದದ ಫೋಟೋ ಎರಡು ಸಾಕು. ಉಳಿದದ್ದೆಲ್ಲ ಗಾಡಿಯ ಕೆಳಗಿನಿಂದ, ಬಾನೆಟ್ ಎತ್ತಿ, ಸೀಟು ತೆಗೆದು ತೆಗೆಯಿರಿ. ಆರ್‌ಸಿಯ ಫೋಟೋವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ, ಗಟ್ಟಿ ಗಿರಾಕಿ ಕೇಳಿದಾಗ ಕಳಿಸಿ.

ಗಿರಾಕಿ ಬಂದ ದಿನ

ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ. ತಣ್ಣಗಿರುವ ಎಂಜಿನ್ ಹೇಗೆ ಹಿಡಿಯುತ್ತದೆ ಅನ್ನುವುದನ್ನು ಅವರ ಕಣ್ಣೆದುರೇ ತೋರಿಸಿ. ಕೆಲವರು ಆಯಸ್ಕಾಂತ ತಂದು ಬಾಡಿಗೆ ಹಿಡಿದು ನೋಡುತ್ತಾರೆ. ಪುಟ್ಟಿ ದಪ್ಪ ಇರುವ ಕಡೆ ಅದು ಅಂಟುವುದಿಲ್ಲ. ನೋಡಲಿ ಬಿಡಿ.

ಓಡಿಸಲು ಕೊಡುವ ಮೊದಲು ಅವರ ಲೈಸೆನ್ಸ್ ನೋಡಿ, ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ಪಿ.ಬಿ. ರಸ್ತೆಯ ಗದ್ದಲ ಬೇಡ, ಹದಡಿ ರಸ್ತೆ ಹಿಡಿದು ಊರಾಚೆ ಹೋಗಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮೊದಲ ಗೇರಿಗೆ ಸಿಂಕ್ರೊ (ಓಡುವಾಗ ಗೇರ್ ಸುಲಭವಾಗಿ ಬೀಳಿಸುವ ಭಾಗ) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು ಅಂತ ಮೊದಲೇ ಹೇಳಿ. ಈಗಿನ ಕಾರು ಓಡಿಸಿ ರೂಢಿ ಇದ್ದವರು ಗೇರ್ ಕಿರುಗುಟ್ಟಿದ ತಕ್ಷಣ ಗೇರ್‌ಬಾಕ್ಸ್ ಹಾಳಾಗಿದೆ ಅಂದುಕೊಳ್ಳುತ್ತಾರೆ. ಫೋರ್ ವೀಲ್ ಡ್ರೈವ್ ತೋರಿಸಲು ಡಾಂಬರು ರಸ್ತೆ ಸರಿಯಲ್ಲ. ಈ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇಲ್ಲ, ಗಟ್ಟಿ ನೆಲದಲ್ಲಿ ತಿರುಗಿಸಿದರೆ ಒಳಗಿನ ಗೇರುಗಳ ಮೇಲೆ ಜಗ್ಗಾಟ ಬೀಳುತ್ತದೆ. ಭದ್ರಾ ನಾಲೆ ಪಕ್ಕದ ಮಣ್ಣಿನ ದಾರಿಗೆ ಇಳಿಸಿ, ಲೋ ಗೇರಿನಲ್ಲಿ ಮೆಲ್ಲಗೆ ಏರಿಸಿ ತೋರಿಸಿ. ನನ್ನ ಗಾಡಿ ಮಾರಾಟವಾಗಿದ್ದು ಅಲ್ಲೇ. ಗಿರಾಕಿ ಇಳಿದು ಒಂದು ಸುತ್ತು ಬಂದು, ಸುಮ್ನೆ ಕೈಕುಲುಕಿದರು.

ದುಡ್ಡು ಮತ್ತು ಕಾಗದ

ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಆದಾಯ ತೆರಿಗೆ ಕಾನೂನಿನಲ್ಲಿ ದಂಡ ಬೀಳುವುದು ತೆಗೆದುಕೊಂಡವರಿಗೆ, ಅದೂ ತೆಗೆದುಕೊಂಡಷ್ಟೇ ಮೊತ್ತ. ಬ್ಯಾಂಕಿನಲ್ಲೇ ಹಾಕಿಸಿಕೊಳ್ಳಿ, ನಿಮ್ಮ ಖಾತೆಗೆ ಬಂದಿದ್ದನ್ನು ನೀವೇ ನೋಡಿದ ಮೇಲೆ ಕೀ ಕೊಡಿ.

ಮಾರಿದ್ದನ್ನು ತಿಳಿಸುವ ಫಾರಂ 29, ಹೆಸರು ಬದಲಾವಣೆಯ ಅರ್ಜಿ ಫಾರಂ 30, ಎರಡಕ್ಕೂ ಸಹಿ ಆಗಬೇಕು. ಕೊಳ್ಳುವವರ ಹೆಸರು, ತಾರೀಖು ಬರೆಯದ ಖಾಲಿ ಫಾರಂಗೆ ಯಾವತ್ತೂ ಸಹಿ ಹಾಕಬೇಡಿ. ಗಾಡಿ ಕರ್ನಾಟಕದಲ್ಲೇ ಉಳಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೇರಳಕ್ಕೋ ಗೋವಾಕ್ಕೋ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆಸಿ ಕೊಡಬೇಕು, ಅದನ್ನು ಮಾರಿದ 45 ದಿನದೊಳಗೆ ಮುಗಿಸಬೇಕು. ಡೆಲಿವರಿ ಚೀಟಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ.

"ದುಡ್ಡು ಬಂತಲ್ಲ, ಹೆಸರು ಅವರೇ ಬದಲಾಯಿಸಿಕೊಳ್ಳುತ್ತಾರೆ" ಅಂತ ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ನಿಮ್ಮ ಅಂಗಳ ಬಿಟ್ಟು ಹೋಗಿದ್ದರೂ ಅಷ್ಟೇ.

ಗಾಡಿ ಜೊತೆ ಆ ಫೈಲನ್ನು ಕೊಡಿ. ಬಿಚ್ಚಿ ತೆಗೆದಿಟ್ಟ ಹಳೇ ಕಾರ್ಬುರೇಟರ್, ಹಳೇ ದೀಪ, ಗುಜರಿಗೆ ಹಾಕದೆ ಉಳಿಸಿದ್ದೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ ಕೊಡಿ. ಫಾರಂಗಳ ಪ್ರತಿ, ಡೆಲಿವರಿ ಚೀಟಿ ಮಾತ್ರ ನಿಮ್ಮ ಹತ್ತಿರ ಇರಲಿ. ವಾರಕ್ಕೊಮ್ಮೆ ಸರ್ಕಾರದ ಸಾರಿಗೆ ವೆಬ್‌ಸೈಟಾದ ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡುತ್ತಿರಿ. ನನ್ನ ಜೀಪಿನ ಹೆಸರು ಬದಲಾಗಿದ್ದು ಐದನೇ ವಾರ, ಆ ದಿನದ ಪುಟವನ್ನೂ ಪ್ರಿಂಟ್ ತೆಗೆದು ಚೀಟಿ ಜೊತೆ ಪಿನ್ ಹೊಡೆದಿಟ್ಟಿದ್ದೇನೆ.