ಚಳಿಗಾಲದ ಹಿತ್ತಲಿಗೆ ಹಕ್ಕಿ ಬರಬೇಕಾ? ಕಾಳಿಗಿಂತ ಮೊದಲು ನೀರಿಡಿ

ಹಕ್ಕಿಗೆ ಕಾಳು ಹಾಕುವ ಫೀಡರ್‌ಗಳು ಈಗ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಒಂದು ಪ್ಲಾಸ್ಟಿಕ್ ಕೊಳವೆ, ಕೆಳಗೊಂದು ತಟ್ಟೆ, ಮೇಲೊಂದು ಕೊಕ್ಕೆ. ತಂದು ಬಾಲ್ಕನಿಗೆ ನೇತುಹಾಕಿ ಸಜ್ಜೆ ತುಂಬಿದರೆ ಕೆಲವೇ ದಿನದಲ್ಲಿ ಹಕ್ಕಿ ಬರುವುದು ಗ್ಯಾರಂಟಿ. ಆದರೆ ಪಟ್ಟಣಗಳಲ್ಲಿ ಬರುವುದು ಪಾರಿವಾಳ. ಅದೂ ಒಂದಲ್ಲ, ಇಡೀ ಬಳಗ.

ತಪ್ಪು ಪಾರಿವಾಳದ್ದಲ್ಲ ಬಿಡಿ. ಚಳಿಗಾಲದಲ್ಲಿ ಫೀಡರ್ ತೂಗುಹಾಕುವ ಪದ್ಧತಿ ಬೆಳೆದದ್ದು ಹಿಮ ಬೀಳುವ ಊರುಗಳಲ್ಲಿ. ಇಂಗ್ಲೆಂಡಿನಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ಡಿಸೆಂಬರಿನ ಹಗಲು ಎಂಟೊಂಬತ್ತು ಗಂಟೆ ಅಷ್ಟೆ. ನೆಲ ಹೆಪ್ಪುಗಟ್ಟಿರುತ್ತದೆ, ಹುಳ ಕಾಣಿಸುವುದಿಲ್ಲ. ಹನ್ನೊಂದು ಗ್ರಾಂ ತೂಗುವ ಚಿಕಡಿಯಂಥ ಹಕ್ಕಿ ಆ ಉದ್ದದ ರಾತ್ರಿಯನ್ನು ದಾಟಬೇಕಾದರೆ ಹಗಲೆಲ್ಲ ತಿನ್ನುತ್ತಲೇ ಇರಬೇಕು. ಅಲ್ಲಿ ಸೂರ್ಯಕಾಂತಿ ಬೀಜ, ಕೊಬ್ಬಿನ ಉಂಡೆ ಇಡುವುದಕ್ಕೆ ಅರ್ಥವಿದೆ. ನ್ಯೂಜೆರ್ಸಿಯ ಮಗಳ ಮನೆಗೆ ಚಳಿಗಾಲದಲ್ಲಿ ಹೋದವರು ಅಡುಗೆಮನೆ ಕಿಟಕಿಯಲ್ಲಿ ಕೂತು ಕೆಂಪು ಕಾರ್ಡಿನಲ್ ನೋಡುತ್ತಾ ಕಾಫಿ ಕುಡಿಯಬಹುದು. ಕರಡಿ ಓಡಾಡುವ ಕಡೆಯಾದರೆ ಅವು ಗುಹೆ ಸೇರುವ ತನಕ ಫೀಡರ್ ಹಾಕಬೇಡಿ ಎಂದು ಅಲ್ಲಿಯವರೇ ಹೇಳುತ್ತಾರೆ.

ನಮ್ಮ ಚಳಿಗಾಲದ ಲೆಕ್ಕವೇ ಬೇರೆ. ನವೆಂಬರ್‌ನಲ್ಲಿ ಮಳೆ ಮುಗಿದಿರುತ್ತದೆ. ಹುಲ್ಲು ಬೀಜ ಬಿಟ್ಟಿರುತ್ತದೆ, ಗದ್ದೆಯಲ್ಲಿ ಕೊಯ್ಲು ನಡೆಯುತ್ತಿರುತ್ತದೆ, ಗಿಡದ ತುಂಬ ಹುಳ. ಇಷ್ಟೆಲ್ಲ ಇರುವುದಕ್ಕೇ ಉತ್ತರದ ಹಕ್ಕಿಗಳು ಇಲ್ಲಿಗೆ ಬರುವುದು. ಹಿತ್ತಲಿಗೆ ಬರುವ ಈ ನೆಂಟರಲ್ಲಿ ಸಿಪಿಲೆ, ಉಲಿಯಕ್ಕಿ, ನೊಣಹಿಡುಕ, ನವರಂಗ ಎಲ್ಲವೂ ಹುಳ ತಿನ್ನುವ ಜಾತಿ. ನೀವು ಎಷ್ಟೇ ಒಳ್ಳೆಯ ಸಜ್ಜೆ ಹಾಕಿ, ಅವು ತಿರುಗಿಯೂ ನೋಡುವುದಿಲ್ಲ. ನೀರು ಮಾತ್ರ ಕಾಳಿನ ಹಕ್ಕಿಗೂ ಬೇಕು, ಹುಳದ ಹಕ್ಕಿಗೂ ಬೇಕು, ಹಣ್ಣಿನ ಹಕ್ಕಿಗೂ ಬೇಕು. ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಫೀಡರಿಗೆ ಹಾಕುವ ಬದಲು ಒಂದು ಮಣ್ಣಿನ ತಟ್ಟೆಗೆ ಹಾಕಿ.

ತಟ್ಟೆ ಆರಿಸುವುದು

ನರ್ಸರಿಗಳಲ್ಲಿ ಪಾಟಿನ ಕೆಳಗೆ ಇಡಲು ಮಣ್ಣಿನ ತಟ್ಟೆ ಮಾರುತ್ತಾರಲ್ಲ, ಅದೇ ಸಾಕು. ಒಂದಡಿ ಅಗಲ ಇರಲಿ. ಆಳ ಎರಡು ಇಂಚಿಗಿಂತ ಜಾಸ್ತಿ ಬೇಡ. ಸ್ಟೀಲು, ಪ್ಲಾಸ್ಟಿಕ್ಕು, ಪಿಂಗಾಣಿ ಜಾರುತ್ತವೆ. ಕಾಲು ಜಾರಿದರೆ ಹಕ್ಕಿ ಅಂಚಿನಲ್ಲೇ ನಿಂತು ಒಂದು ಗುಟುಕು ಕುಡಿದು ಹೋಗಿಬಿಡುತ್ತದೆ, ಒಳಗೆ ಇಳಿಯುವುದಿಲ್ಲ. ನಮಗೆ ನೋಡಬೇಕಾಗಿರುವುದು ಅದು ಇಳಿಯುವುದನ್ನೇ.

ತಟ್ಟೆಯ ನಡುವೆ ಒಂದು ಚಪ್ಪಟೆ ಕಲ್ಲು ಇಡಿ. ಕಲ್ಲಿನ ಬೆನ್ನು ನೀರಿಗಿಂತ ಅರ್ಧ ಇಂಚು ಮೇಲಿರಲಿ. ಒಂದು ಕಡೆ ನೀರು ಬರೀ ಕಾಲು ನೆನೆಯುವಷ್ಟಿರಬೇಕು, ಇನ್ನೊಂದು ಕಡೆ ಹೊಟ್ಟೆ ಮುಳುಗುವಷ್ಟು. ಜೇನ್ನೊಣಗಳೂ ಆ ಕಲ್ಲಿನ ಅಂಚಿಗೆ ಕೂತು ನೀರು ಕುಡಿಯುತ್ತವೆ, ಮುಳುಗುವುದಿಲ್ಲ. ಬಕೆಟ್ಟು, ಅಜ್ಜಿ ಕಾಲದ ಉರುಳಿ ಇವೆಲ್ಲ ನೋಡಲು ಚೆಂದ. ಆದರೆ ಮರಿಹಕ್ಕಿ ಬಿದ್ದರೆ ಮೇಲೆ ಬರಲಾಗುವುದಿಲ್ಲ.

ಎಲ್ಲಿ ಇಡಬೇಕು

ಬೀದಿ ಬೆಕ್ಕು ಇಲ್ಲದ ಬಡಾವಣೆ ಇದೆಯಾ? ಇರಲಾರದು. ಆದ್ದರಿಂದ ತಟ್ಟೆ ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿರಲಿ. ಕಾಂಪೌಂಡ್ ಗೋಡೆ ಬೇಡ, ಅದು ಬೆಕ್ಕಿನ ಹೆದ್ದಾರಿ. ಹಳೆಯ ಸ್ಟೂಲೋ ಮೂರು ಹಗ್ಗದ ನೆಲುವೋ ಒಳ್ಳೆಯದು. ದಟ್ಟ ಪೊದೆಯಿಂದ ಐದಾರು ಅಡಿ ದೂರ ಇಡಿ. ಪೊದೆ ತೀರಾ ಹತ್ತಿರ ಇದ್ದರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ತೀರಾ ದೂರ ಇದ್ದರೆ ಬಿಜ್ಜು ಎಂಬ ಸಣ್ಣ ಗಿಡುಗ ಎರಗಿದಾಗ ಹಕ್ಕಿಗೆ ಅಡಗಲು ಜಾಗ ಸಿಗುವುದಿಲ್ಲ. ಮೈ ಒದ್ದೆಯಾದ ಹಕ್ಕಿ ಸರಿಯಾಗಿ ಹಾರಲಾರದು, ನೆನಪಿರಲಿ.

ದೊಡ್ಡ ಗಾಜಿನ ಕಿಟಕಿ ಇದ್ದರೆ ತಟ್ಟೆಯನ್ನು ಅದರಿಂದ ಮೂರಡಿ ಒಳಗೆ ಇಡಿ, ಇಲ್ಲವೇ ಮೂವತ್ತು ಅಡಿ ಆಚೆ ಇಡಿ. ಹತ್ತಿರದಿಂದ ಹಾರಿದ ಹಕ್ಕಿಗೆ ಗಾಜಿಗೆ ಜೋರಾಗಿ ಬಡಿಯುವಷ್ಟು ವೇಗ ಬಂದಿರುವುದಿಲ್ಲ. ಅಪಾಯ ಇರುವುದು ನಡುವಿನ ದೂರದಲ್ಲಿ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದು ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಂದೇ ಒಂದು ಗಿಡುಗನ ಸ್ಟಿಕರ್ ಅಂಟಿಸಿ ಕೈತೊಳೆದುಕೊಂಡರೆ ಉಪಯೋಗವಿಲ್ಲ. ಹಕ್ಕಿ ಅದರ ಪಕ್ಕದ ಗಾಜಿಗೆ ಬಡಿಯುತ್ತದೆ.

ದಿನಾ ಉಜ್ಜಿ ತೊಳೆಯುವುದು

ಇದೊಂದನ್ನು ಬಿಟ್ಟು ಬೇರೆ ಎಲ್ಲದರಲ್ಲೂ ಸೋಮಾರಿತನ ಮಾಡಬಹುದು.

ನೀರು ಇಟ್ಟರೆ ಸೊಳ್ಳೆ ಆಗುತ್ತದೆ, ಡೆಂಗಿ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಅವರ ಮಾತಲ್ಲಿ ಅರ್ಥವಿದೆ. ಈಡಿಸ್ ಸೊಳ್ಳೆಯ ಮೊಟ್ಟೆ ದೊಡ್ಡ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ದಿನಾ ನೀರು ಚೆಲ್ಲಿದರೆ ಅದು ಬೆಳೆಯಲು ಸಮಯವೇ ಸಿಗುವುದಿಲ್ಲ. ಆದರೆ ಈ ಸೊಳ್ಳೆ ಮೊಟ್ಟೆಯನ್ನು ನೀರಿನಲ್ಲಿ ತೇಲಿಬಿಡುವುದಿಲ್ಲ, ನೀರಿನ ಗೆರೆಯ ಸ್ವಲ್ಪ ಮೇಲೆ ಪಾತ್ರೆಯ ಅಂಚಿಗೆ ಅಂಟಿಸುತ್ತದೆ. ಅಲ್ಲಿ ಅದು ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ನೀರು ಬದಲಿಸಿದರೆ ಮಾತ್ರ ಸಾಲದು, ತೆಂಗಿನ ನಾರಿನಲ್ಲಿ ತಟ್ಟೆಯ ಅಂಚನ್ನು ತಿಕ್ಕಬೇಕು. ಸೋಪು ಬೇಡ.

ತಿಕ್ಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಬ್ರಿಟನ್ನಿನಲ್ಲಿ 2005ರ ನಂತರ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿಗಳು ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗದಿಂದ ಗುಂಪುಗುಂಪಾಗಿ ಸತ್ತವು. ರೋಗ ಹರಡಿದ ದಾರಿಗಳಲ್ಲಿ ಜನ ಪ್ರೀತಿಯಿಂದ ಇಟ್ಟಿದ್ದ ಫೀಡರ್ ಮತ್ತು ನೀರಿನ ತಟ್ಟೆಗಳೂ ಸೇರಿದ್ದವು. ಎಲ್ಲಾದರೂ ಮೈ ಉಬ್ಬಿಸಿಕೊಂಡು ಮಂಕಾಗಿ ಕೂತ, ನುಂಗಲು ಕಷ್ಟಪಡುವ ಹಕ್ಕಿ ನಿಮ್ಮ ತಟ್ಟೆಯ ಹತ್ತಿರ ಕಂಡರೆ ಎರಡು ವಾರ ಎಲ್ಲವನ್ನೂ ಎತ್ತಿಟ್ಟುಬಿಡಿ.

ಎಲೆಗೆ ನೀರು ಚಿಮುಕಿಸುವುದು

ತಟ್ಟೆಗೆ ಇಳಿಯದ ಹಕ್ಕಿಗಳೂ ಇವೆ. ಸೂರಕ್ಕಿ ಅಂಥದ್ದು. ಅದಕ್ಕೆ ಸ್ನಾನಕ್ಕೆ ಒದ್ದೆ ಎಲೆಯೇ ಇಷ್ಟ. ಬೆಳಿಗ್ಗೆ ಎಂಟರ ಹೊತ್ತಿಗೆ ದಾಸವಾಳದ ಗಿಡಕ್ಕೋ ಬಾಳೆ ಎಲೆಗೋ ಪೈಪಿನಿಂದ ನೀರು ಚಿಮುಕಿಸಿ ಹತ್ತಡಿ ಹಿಂದೆ ಸರಿದು ನಿಲ್ಲಿ. ಸೂರಕ್ಕಿ ಬಂದು ಮೊದಲು ತೊಟ್ಟಿನ ಮೇಲೆ ಕೂರುತ್ತದೆ. ಆಮೇಲೆ ಎಲೆಯ ಮೇಲೆ ಎದೆ ಊರಿ ಜಾರುತ್ತದೆ. ತುದಿಗೆ ಬಂದಾಗ ರೆಕ್ಕೆ ಬಡಿದು ಮತ್ತೆ ಮೇಲಕ್ಕೆ ಹೋಗಿ ಇನ್ನೊಮ್ಮೆ. ಕತ್ತಿನ ಗರಿ ಒದ್ದೆಯಾದಾಗ ನೇರಳೆ ಬಣ್ಣವೆಲ್ಲ ಹೋಗಿ ಕಪ್ಪಗೆ ಕಾಣುತ್ತದೆ. ಒಣಕೊಂಬೆಗೆ ಹೋಗಿ ಮೈ ಕೊಡವಿ, ಕೊಕ್ಕಿನಿಂದ ಒಂದೊಂದೇ ಗರಿ ನೇವರಿಸಿಕೊಂಡ ಮೇಲೆ ಬಣ್ಣ ವಾಪಸ್ ಬರುತ್ತದೆ. ಬೆಳ್ಗಣ್ಣಗಳೂ ಹೀಗೇ ಎಲೆಯಲ್ಲಿ ಮೀಯುತ್ತವೆ. ಅವು ಬರುವುದು ಗುಂಪಾಗಿ, ಕಿಚಿಕಿಚಿ ಮಾತಾಡುತ್ತಾ.

ಸೂರಕ್ಕಿಗೆ ಸಕ್ಕರೆ ನೀರು ಇಡಬಹುದಾ ಎಂದು ಕೇಳುವವರಿದ್ದಾರೆ. ಬೇಡ. ದಾಸವಾಳ ಇರುವಾಗ ಅದರ ಅಗತ್ಯವಿಲ್ಲ, ನಮ್ಮ ಬಿಸಿಲಿಗೆ ಅದು ಬೇಗ ಹುಳಿಯಾಗುತ್ತದೆ, ಇರುವೆ ಬೇರೆ.

ಊಟ ಇಡಲೇಬೇಕೆಂದಿದ್ದರೆ

ಹಣ್ಣು ಇಡಿ. ತೀರಾ ಕಳಿತ ಬಾಳೆಹಣ್ಣು, ಪಪ್ಪಾಯಿ ಸಿಪ್ಪೆ, ಸೀಬೆ ಹೋಳು ಯಾವುದಾದರೂ ಆಗುತ್ತದೆ. ಕೊಂಬೆಗೆ ಮೊಳೆ ಹೊಡೆಯುವ ಬದಲು ದಾರದಲ್ಲಿ ಕಟ್ಟಿ. ಪಿಕಳಾರ, ಕುಟ್ರು ಹಕ್ಕಿ, ಕೋಗಿಲೆ ಹುಡುಕಿಕೊಂಡು ಬರುತ್ತವೆ. ಪಾರಿವಾಳ ಇದಕ್ಕೆ ಅಷ್ಟಾಗಿ ಬರುವುದಿಲ್ಲ. ಮಧ್ಯಾಹ್ನಕ್ಕೆ ಉಳಿದದ್ದನ್ನು ತೆಗೆದುಬಿಡಿ, ಇಲ್ಲದಿದ್ದರೆ ರಾತ್ರಿ ಇಲಿ ಬರುತ್ತದೆ.

ಕಾಳು ಹಾಕಿದರೆ ನವಣೆ ಹಾಕಿ, ಒಂದು ಹಿಡಿ ಮಾತ್ರ, ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟು. ರಾಟವಾಳ, ಗುಬ್ಬಚ್ಚಿ ತಿನ್ನುತ್ತವೆ. ಇದಕ್ಕಿಂತ ಒಳ್ಳೆಯದು ತೆನೆಯನ್ನೇ ತೂಗುಹಾಕುವುದು. ಮಲೆನಾಡಿನ ಮನೆಗಳಲ್ಲಿ ಕಟ್ಟುವ ಭತ್ತದ ತೋರಣ ನೋಡಿದ್ದೀರಲ್ಲ? ಹಗುರ ಹಕ್ಕಿ ತೆನೆಗೆ ಜೋತುಬಿದ್ದು ತಿನ್ನುತ್ತದೆ, ಪಾರಿವಾಳದ ಭಾರಕ್ಕೆ ಅದು ನಿಲ್ಲುವುದಿಲ್ಲ. ಬ್ರೆಡ್ಡು, ಖಾರ, ಮಿಕ್ಸ್‌ಚರ್, ಉಪ್ಪು ಹಾಕಿದ ಮೊಸರನ್ನ ಇವೆಲ್ಲ ಬೇಡ.

ಪಾರಿವಾಳದ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮೂಟೆಗಟ್ಟಲೆ ಜೋಳ ಸುರಿಯುವುದು ಪುಣ್ಯದ ಕೆಲಸ ಅನ್ನಿಸಬಹುದು. ಅದರ ಹಿಕ್ಕೆಯ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. ಮುಂಬೈಯಲ್ಲಿ 2025ರಲ್ಲಿ ದಾದರಿನ ಕಬೂತರ್‌ಖಾನೆಯನ್ನು, ಅಂದರೆ ಜನ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ ಜಾಗವನ್ನು, ಮುಚ್ಚಿದ್ದು ಇದೇ ಕಾರಣಕ್ಕೆ. ಪಾರಿವಾಳ ಜಾಸ್ತಿಯಾದ ಬಾಲ್ಕನಿಗೆ ಬೇರೆ ಹಕ್ಕಿ ಬರುವುದೂ ಕಡಿಮೆ.

ಎಲ್ಲ ಕಸ ಗುಡಿಸಬೇಡಿ

ಹಿತ್ತಲಿನ ಒಂದು ಮೂಲೆಯಲ್ಲಿ ತರಗೆಲೆ ಹಾಗೇ ಬಿದ್ದಿರಲಿ. ಸುಡಲೂ ಬೇಡಿ. ಅದರಡಿಯ ಗೆದ್ದಲು, ಎರೆಹುಳ, ಜೀರುಂಡೆ ಮರಿಗಳೇ ಚಳಿಗಾಲದ ನಿಜವಾದ ಫೀಡರ್. ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಬಂದು ಎಲೆ ತಿರುವಿ ಹಾಕುತ್ತವೆ. ಮಡಿವಾಳ ಹಕ್ಕಿ ಬಾಲ ಎತ್ತಿಕೊಂಡು ಬರುತ್ತದೆ. ಅದೃಷ್ಟ ಇದ್ದರೆ ನವರಂಗ.

ನವರಂಗ ಮರಿ ಮಾಡುವುದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ. ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ರಾತ್ರಿ ಹಾರುವ ಹಕ್ಕಿ. ಅಕ್ಟೋಬರ್ ಸುಮಾರಿಗೆ ಬೆಂಗಳೂರಿನಂಥ ಊರಲ್ಲಿ ದೀಪ, ಗಾಜು ನೋಡಿ ಗಲಿಬಿಲಿಗೊಂಡು, ಸುಸ್ತಾಗಿ ಯಾರದೋ ಗ್ಯಾರೇಜಿಗೋ ಮೆಟ್ಟಿಲಿಗೋ ಬಂದು ಕೂರುತ್ತದೆ. ಹಾಗೆ ಸಿಕ್ಕರೆ ಬಾಯಿಗೆ ನೀರು ಹಾಕಬೇಡಿ, ಅನ್ನ ತಿನ್ನಿಸಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ ಗದ್ದಲವಿಲ್ಲದ ಕಡೆ ಇಡಿ. ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡರೆ ಗಿಡಮರ ಇರುವಲ್ಲಿ ಪೆಟ್ಟಿಗೆ ತೆರೆಯಿರಿ, ತಾನೇ ಹೋಗುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣೆಯವರಿಗೋ ಫೋನ್ ಮಾಡಿ.

ಜಾಗ ಇದ್ದರೆ ಗಸಗಸೆ ಹಣ್ಣಿನ ಮರ ಒಂದು ನೆಡಿ. ಬೇಗ ಬೆಳೆಯುತ್ತದೆ, ವರ್ಷದ ಬಹುಪಾಲು ಹಣ್ಣು ಬಿಡುತ್ತದೆ. ಜಾಗ ಇಲ್ಲದವರು ಹತ್ತಿರದ ಬೂರುಗದ ಮರ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಜನವರಿ, ಫೆಬ್ರವರಿಯಲ್ಲಿ ಅದು ಹೂಬಿಟ್ಟಾಗ ಕಾಜಾಣ, ಗೊರವಂಕ, ಸೂರಕ್ಕಿ, ಗಿಳಿ ಎಲ್ಲ ಅಲ್ಲೇ ಇರುತ್ತವೆ.

ಕೂತು ನೋಡುವುದು

ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಮೀಯಲು ಬರುವುದು ಹೆಚ್ಚಾಗಿ ಸಂಜೆ. ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್ ಇದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ. ಈಗ ದೇಶದ ಎಲ್ಲೆಲ್ಲಿಂದಲೋ ಕ್ಯಾಮೆರಾ ಹೊತ್ತವರು ಅಲ್ಲಿಗೆ ಬರುತ್ತಾರೆ. ಅವರು ಕಾಡೆಲ್ಲ ಸುತ್ತುವುದಿಲ್ಲ. ನೀರಿನ ಸಣ್ಣ ಗುಂಡಿಗಳ ಎದುರು ಸುಮ್ನೆ ಕೂರುತ್ತಾರೆ. ನಿಮ್ಮ ಹಿತ್ತಲಲ್ಲೂ ಅಷ್ಟೇ ಕೆಲಸ.

ಹೊಸ ತಟ್ಟೆಗೆ ಹಕ್ಕಿ ತಕ್ಷಣ ಬರುವುದಿಲ್ಲ. ಮೊದಲು ಕಾಗೆ, ಆಮೇಲೆ ಗೊರವಂಕ, ಪಿಕಳಾರ. ಅವು ಬಂದು ಹೋಗುವುದನ್ನು ನೋಡಿ ಉಳಿದವಕ್ಕೆ ಧೈರ್ಯ ಬರುತ್ತದೆ. ತಟ್ಟೆಯ ಜಾಗವನ್ನು ಪದೇ ಪದೇ ಬದಲಿಸಬೇಡಿ.

ಗುರುತಿಸಲು ಬಣ್ಣ ಒಂದನ್ನೇ ನಂಬಬೇಡಿ. ಗುಬ್ಬಿಗಿಂತ ದೊಡ್ಡದೋ, ಗೊರವಂಕಕ್ಕಿಂತ ಚಿಕ್ಕದೋ? ಕೊಕ್ಕು ಗಿಡ್ಡವೋ ಸೂಜಿಯೋ? ನೆಲದ ಮೇಲೆ ನಡೆಯುತ್ತದೋ ಕುಪ್ಪಳಿಸುತ್ತದೋ? ಟೆರೇಸಿನಲ್ಲಿ ಹೊಟ್ಟೆ ಹಳದಿಯ, ಬೆನ್ನು ಬೂದಿಯ ಹಕ್ಕಿ ನಡೆಯುತ್ತಾ ಉದ್ದ ಬಾಲವನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಅದು ಬೂದು ಸಿಪಿಲೆ. ಪೊದೆಯೊಳಗಿಂದ ‘ಚಕ್, ಚಕ್’ ಎಂಬ ಸದ್ದು ಬಂದು ಹಕ್ಕಿ ಕಾಣಿಸದಿದ್ದರೆ ಉಲಿಯಕ್ಕಿ ಇರಬಹುದು. ಅದನ್ನು ನೋಡಲು ತಾಳ್ಮೆ ಬೇಕು. ಇದ್ದಕ್ಕಿದ್ದಂತೆ ಹಿತ್ತಲೆಲ್ಲ ಗಪ್‌ಚಿಪ್ ಆಯಿತೆಂದರೆ ತಲೆ ಎತ್ತಿ ನೋಡಿ, ಬಿಜ್ಜು ಎಲ್ಲೋ ಕೂತಿದೆ. ಅದನ್ನು ಓಡಿಸಬೇಡಿ, ಅದೂ ಹಕ್ಕಿಯೇ ಅಲ್ವಾ.

ದುರ್ಬೀನು ಕೊಳ್ಳುವುದಾದರೆ 8x42, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು, ನೋಡಿ. ಹೆಚ್ಚು ದೊಡ್ಡದು ಮಾಡಿ ತೋರಿಸುವುದನ್ನು ಕೊಂಡರೆ ಕೈ ನಡುಗಿದಂತೆಲ್ಲ ಚಿತ್ರವೂ ನಡುಗುತ್ತದೆ. ಕೂಗಿನಿಂದ ಗುರುತಿಸಲು ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬರೆದುಕೊಳ್ಳಿ. ಆ್ಯಪ್‌ನಿಂದ ಹಕ್ಕಿಯ ಕೂಗು ನುಡಿಸಿ ಅದನ್ನು ಕರೆಯುವ ಚಟ ಬೇಡ. ಕೂಗು ಕೇಳಿದ ಹಕ್ಕಿ, ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂತೆಂದು ತಿಳಿದು ಸುಮ್ಮನೆ ಒದ್ದಾಡುತ್ತದೆ.

ಲೆಕ್ಕ ಕೊಡುವುದು

ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ, ಶುಕ್ರವಾರದಿಂದ ಸೋಮವಾರದವರೆಗೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದದ್ದು, 2013ರಿಂದ ನಮ್ಮಲ್ಲೂ ಇದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಬೇಕು. ಕಾಗೆ, ಪಾರಿವಾಳವನ್ನೂ ಬಿಡಬಾರದು. ಅಪರೂಪದ್ದನ್ನು ಮಾತ್ರ ಬರೆದ ಪಟ್ಟಿಯಿಂದ ಸಾಮಾನ್ಯ ಹಕ್ಕಿ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ತಿಳಿಯುವುದಿಲ್ಲ.

ಏಪ್ರಿಲ್ ಹೊತ್ತಿಗೆ ಸಿಪಿಲೆ, ನವರಂಗ ಉತ್ತರಕ್ಕೆ ಹೊರಟಿರುತ್ತವೆ. ಆಗ ತಟ್ಟೆ ಎತ್ತಿಡಬೇಡಿ, ನೆರಳಿಗೆ ಸರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತದೆ, ದಿನಕ್ಕೆ ಎರಡು ಸಲ ತುಂಬಬೇಕು.