ಹಡಗಿನ ಜೊತೆ ನೆಲದ ಪ್ರವಾಸ: ಅಲಾಸ್ಕಾಕ್ಕೆ ಹೊರಟ ಅಪ್ಪ–ಅಮ್ಮ ಏನೇನು ತಿಳಿದಿರಬೇಕು?

ದಾವಣಗೆರೆಯ ವಿದ್ಯಾನಗರವಿರಲಿ, ಎಂ.ಸಿ.ಸಿ. ಬ್ಲಾಕ್ ಇರಲಿ, ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆ ಇರಲಿ, ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಿಗೆ ಈಗ ಹೊಸದೊಂದು ಫೋನು ಬರುತ್ತಿದೆ. ‘ಈ ಸಲ ಬಂದಾಗ ಅಲಾಸ್ಕಾ ಕ್ರೂಸ್‌ಗೆ ಹೋಗೋಣ. ಏಳು ರಾತ್ರಿ ಹಡಗು, ಜೊತೆಗೆ ನಾಲ್ಕು ದಿನ ಲ್ಯಾಂಡ್ ಟೂರ್.’ ಕೇಳಿದವರು ಹಡಗಿನ ಸುಖವೇ ಇನ್ನೂ ನಾಲ್ಕು ದಿನ ಮುಂದುವರಿಯುತ್ತದೆ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಹಡಗಿನಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಆಯಿತು, ಊಟ–ತಿಂಡಿಗೆ ಪರ್ಸ್ ತೆಗೆಯಬೇಕಿಲ್ಲ, ಊರುಗಳೇ ಕಿಟಕಿಯ ಹತ್ತಿರ ಬರುತ್ತವೆ. ನೆಲದ ಮೇಲೆ ನಾಲ್ಕು ರಾತ್ರಿಗೆ ಎರಡು ಮೂರು ಹೋಟೆಲ್, ಬೆಳಿಗ್ಗೆ ಆರಕ್ಕೇ ಬಾಗಿಲ ಹೊರಗೆ ಲಗೇಜು, ಗಂಟೆಗಟ್ಟಲೆ ರೈಲು–ಬಸ್ಸು, ಪ್ರತಿ ಊಟಕ್ಕೂ ಸ್ವಂತ ದುಡ್ಡು. ಎರಡೂ ಒಂದೇ ರಸೀದಿಯಲ್ಲಿ ಬಂದರೂ ತಯಾರಿ ಬೇರೆ ಬೇರೆ.

ಮೊದಲು ಹಡಗಿನ ದಿಕ್ಕು ನೋಡಿ

ಅಲಾಸ್ಕಾದ ಹಡಗುಗಳಲ್ಲಿ ಎರಡು ಬಗೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದು ಒಂದು. ಕೆನಡಾದ ವ್ಯಾಂಕೂವರ್ ಮತ್ತು ಅಲಾಸ್ಕಾದ ವಿಟಿಯರ್ ಅಥವಾ ಸೀವರ್ಡ್ ಬಂದರುಗಳ ನಡುವೆ ಒಂದೇ ದಿಕ್ಕಿಗೆ ಹೋಗುವುದು ಇನ್ನೊಂದು. ಅಲಾಸ್ಕಾದ ಒಳನಾಡಿನ ಡೆನಾಲಿ ರಾಷ್ಟ್ರೀಯ ಉದ್ಯಾನ, ಫೇರ್‌ಬ್ಯಾಂಕ್ಸ್ ನಗರದ ಕಡೆಯ ನೆಲದ ಪ್ರವಾಸ ಹೊಂದುವುದು ಈ ಎರಡನೆಯದಕ್ಕೆ ಮಾತ್ರ. ಸಿಯಾಟಲ್ ಹಡಗು ಅಗ್ಗ ಎಂದು ಮೊದಲು ಅದನ್ನು ಬುಕ್ ಮಾಡಿ, ಆಮೇಲೆ ‘ಲ್ಯಾಂಡ್ ಟೂರ್ ಸೇರಿಸಿ’ ಎಂದರೆ ಮತ್ತೆ ವಿಮಾನ ಹತ್ತಬೇಕಾಗುತ್ತದೆ, ಉಳಿಸಿದ ಹಣ ಅಲ್ಲೇ ಹೋಗುತ್ತದೆ.

ಮುಂದಿನ ಪ್ರಶ್ನೆ, ನೆಲ ಮೊದಲೋ ಹಡಗು ಮೊದಲೋ ಎಂಬುದು. ಅರವತ್ತು ದಾಟಿದವರಿಗೆ ನಮ್ಮ ಸಲಹೆ ಸ್ಪಷ್ಟ: ನೆಲ ಮೊದಲು. ವಿಮಾನದಲ್ಲಿ ಫೇರ್‌ಬ್ಯಾಂಕ್ಸ್‌ಗೆ ಇಳಿದು, ಅಲ್ಲಿಂದ ಡೆನಾಲಿ, ಟಾಲ್ಕೀಟ್ನಾ ಕಡೆ ನೋಡಿಕೊಂಡು ವಿಟಿಯರ್‌ನಲ್ಲಿ ಹಡಗು ಹತ್ತಿದರೆ ದಣಿವೆಲ್ಲ ಮೊದಲ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಉಳಿದ ಏಳು ರಾತ್ರಿ ಕಾಲು ಚಾಚಿ ಕೂರಬಹುದು. ತಿರುವುಮುರುವು ಮಾಡಿದರೆ ಹಡಗಿನ ಆರಾಮಕ್ಕೆ ಒಗ್ಗಿಹೋದ ಮೈ ಬೆಳಗಿನ ಐದೂವರೆಯ ಅಲಾರಂಗೆ ಏಳುವುದಿಲ್ಲ. ಇನ್ನೊಂದು ಕಾರಣ ಊಟದ್ದು, ಅದನ್ನು ಮುಂದೆ ನೋಡೋಣ. ಭಾರತದಿಂದ ನೇರವಾಗಿ ಹೋಗುವವರು ಮಾತ್ರ ಮಕ್ಕಳ ಮನೆಯಲ್ಲಿ ಒಂದು ವಾರವಾದರೂ ಇದ್ದು ಹೊರಡಿ. ಬೇಸಿಗೆಯಲ್ಲಿ ಅಲಾಸ್ಕಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಹಗಲು–ರಾತ್ರಿ ಪೂರ್ತಿ ಅದಲುಬದಲು.

ವೀಸಾ ಎರಡು, ಹೆಸರು ಒಂದೇ ಥರ

ಹಡಗು ವ್ಯಾಂಕೂವರ್ ಮುಟ್ಟುವುದರಿಂದ ಅಮೆರಿಕದ ಬಿ1/ಬಿ2 ವೀಸಾ ಜೊತೆಗೆ ಕೆನಡಾದ ವಿಸಿಟರ್ ವೀಸಾವೂ ಬೇಕು. ‘ಬಂದರಿನಿಂದ ನೇರ ಏರ್‌ಪೋರ್ಟ್‌ಗೆ ಹೋಗುತ್ತೇವಲ್ಲ’ ಎಂಬ ಮಾತು ಹಡಗು ಹತ್ತಿಸುವ ಕೌಂಟರ್‌ನಲ್ಲಿ ನಡೆಯುವುದಿಲ್ಲ. ವ್ಯಾಂಕೂವರ್‌ನಿಂದ ಮತ್ತೆ ಮಗನ ಮನೆಗೆ ಹೋಗುವವರು ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿ ಇದೆಯೇ ನೋಡಿಕೊಳ್ಳಿ. ಕೆನಡಾಕ್ಕೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬ ಲೆಕ್ಕ ಬೇಡ. ಕೆನಡಾ ವೀಸಾದ ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು.

ನಮ್ಮ ಕಡೆಯ ದೊಡ್ಡ ತೊಡಕು ಹೆಸರಿನದು. ಹಳೆಯ ತಲೆಮಾರಿನ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ‘ಬಸವರಾಜಪ್ಪ’ ಎಂದಷ್ಟೇ ಇರುತ್ತದೆ. ಅಂಥವರ ಅಮೆರಿಕದ ವೀಸಾದಲ್ಲಿ ಬಸವರಾಜಪ್ಪ ಎಂಬುದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಮಕ್ಕಳು ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಖಾಲಿ ಬಿಡಲಾಗದೆ ತಮ್ಮ ಸರ್‌ನೇಮನ್ನೇ ಅಪ್ಪನಿಗೂ ಹಾಕಿಬಿಡುತ್ತಾರೆ. ಆಗ ವಿಮಾನದ ಟಿಕೆಟ್ಟು ಒಂದು ಥರ, ಹಡಗಿನದು ಇನ್ನೊಂದು ಥರ, ರೈಲಿನದು ಮತ್ತೊಂದು. ಎಲ್ಲದರಲ್ಲೂ ವೀಸಾದಲ್ಲಿರುವಂತೆಯೇ ಬರೆಸಿ. ಇನ್ನೂ ಸಮಯವಿದ್ದರೆ, ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ತುಂಬಿಸಿಕೊಳ್ಳುವುದು ಒಳ್ಳೆಯದು.

ಹಣದ ವಿಷಯ. ಹಡಗಿಗೂ ನೆಲಕ್ಕೂ ಸೇರಿ ಪೂರ್ತಿ ಹಣ ಸಾಮಾನ್ಯವಾಗಿ ಹೊರಡುವ 90 ದಿನಕ್ಕೆ ಮೊದಲು, ಕೆಲವೊಮ್ಮೆ ಇನ್ನೂ ಮುಂಚೆ ಕಟ್ಟಬೇಕು. ಆಮೇಲೆ ರದ್ದು ಮಾಡಿದರೆ ದಿನ ಕಳೆದಂತೆ ಕಡಿತ ಏರುತ್ತದೆ. ಆದ್ದರಿಂದ ಎರಡೂ ವೀಸಾ ಕೈಗೆ ಬರುವವರೆಗೆ ಪೂರ್ತಿ ಹಣ ಕಟ್ಟಬೇಡಿ, ಮುಂಗಡದಲ್ಲೇ ಇರಲಿ. ಇಲ್ಲಿಯ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆಯ ವಿವರಪಟ್ಟಿಯಲ್ಲಿ (26ಎಎಸ್) ನೋಡಿ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಲಗೇಜು: ಎಲ್ಲರೂ ಎಡವುವ ಜಾಗ

ನೆಲದ ಪ್ರವಾಸದಲ್ಲಿ ನಿಮ್ಮ ದೊಡ್ಡ ಪೆಟ್ಟಿಗೆ ನಿಮ್ಮ ಜೊತೆ ಪ್ರಯಾಣ ಮಾಡುವುದಿಲ್ಲ. ಬೆಳಿಗ್ಗೆ ಹೇಳಿದ ಹೊತ್ತಿಗೆ ಕೋಣೆಯ ಹೊರಗಿಟ್ಟರೆ ಲಾರಿಯಲ್ಲಿ ಮುಂದಿನ ಊರಿಗೆ ಹೋಗುತ್ತದೆ. ನೀವು ತಲುಪಿ ಎರಡು ಮೂರು ಗಂಟೆಯಾದ ಮೇಲೆ ಅದು ಬಂದರೂ ಆಶ್ಚರ್ಯವಿಲ್ಲ. ಕೆಲವು ಪ್ಯಾಕೇಜ್‌ಗಳಲ್ಲಿ ದೊಡ್ಡ ಪೆಟ್ಟಿಗೆ ನೇರ ಹಡಗಿಗೇ ಹೋಗಿ, ನಡುವೆ ಒಂದೆರಡು ರಾತ್ರಿ ಕೈಚೀಲದಲ್ಲೇ ಕಳೆಯಬೇಕಾಗುತ್ತದೆ. ಟ್ಯಾಗಿನ ಬಣ್ಣವೇ ಅದು ಎಲ್ಲಿಗೆ ಹೋಗಬೇಕೆಂದು ಹೇಳುವುದು. ಹಡಗಿನ ಟ್ಯಾಗನ್ನು ಡೆನಾಲಿಯ ಪೆಟ್ಟಿಗೆಗೆ ಕಟ್ಟಿದರೆ ಸ್ವೆಟರ್ ನಿಮಗಿಂತ ಮೂರು ದಿನ ಮೊದಲೇ ಬಂದರು ಸೇರಿರುತ್ತದೆ.

ಹೀಗೆ ಜೋಡಿಸಿ. ತಲೆಗೊಂದು ದೊಡ್ಡ ಪೆಟ್ಟಿಗೆ, ತೂಕ 23 ಕಿಲೋ ಮೀರದಂತೆ. ಅಮೆರಿಕದೊಳಗಿನ ವಿಮಾನಗಳಲ್ಲಿ ಮೊದಲ ಪೆಟ್ಟಿಗೆಗೂ ಬಹುಪಾಲು ಹಣ ತೆಗೆದುಕೊಳ್ಳುತ್ತಾರೆ, ಎರಡನೆಯದು ದಂಡವೇ ಸರಿ. ಅದರ ಜೊತೆ ಹೆಗಲಿಗೆ ಹಾಕುವ ಒಂದು ಚೀಲ. ಈ ಚೀಲದಲ್ಲಿ ಪಾಸ್‌ಪೋರ್ಟ್, ಮೂರು ದಿನದ ಮಾತ್ರೆ ಅಲ್ಲ, ಪೂರ್ತಿ ಪ್ರವಾಸದ ಮಾತ್ರೆ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಮಳೆಗೆ ಜಾಕೆಟ್, ತಿನ್ನಲು ಸ್ವಲ್ಪ. ಪಾಸ್‌ಪೋರ್ಟನ್ನು ಭದ್ರವಾಗಿರಲಿ ಎಂದು ದೊಡ್ಡ ಪೆಟ್ಟಿಗೆಯ ಸೀರೆಗಳ ನಡುವೆ ಇಟ್ಟು, ಬೆಳಿಗ್ಗೆ ಆರಕ್ಕೆ ಹೊರಗಿಟ್ಟುಬಿಡುವುದು ಈ ಪ್ರವಾಸದಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪು. ವಿಟಿಯರ್‌ನಲ್ಲಿ ಹಡಗು ಹತ್ತುವಾಗ ಅದು ಕೈಯಲ್ಲೇ ಇರಬೇಕು.

ಪೂಜೆಯ ಸಾಮಾನಿನ ಬಗ್ಗೆ ಒಂದು ಮಾತು. ಇಷ್ಟಲಿಂಗ, ವಿಭೂತಿ ಗಟ್ಟಿ ಕೈಚೀಲದಲ್ಲಿ ಒಯ್ಯಲು ತೊಂದರೆಯಿಲ್ಲ. ತಪಾಸಣೆಯವರು ಕೇಳಿದರೆ ತೆಗೆದು ತೋರಿಸಿ, ವಿವರಿಸಿ. ಪುಡಿ ವಿಭೂತಿ, ಕುಂಕುಮ 350 ಮಿಲಿಲೀಟರ್ ಅಳತೆಗಿಂತ ಹೆಚ್ಚಿದ್ದರೆ ಪ್ರತ್ಯೇಕ ತಪಾಸಣೆ ಆಗುತ್ತದೆ, ಹಾಗಾಗಿ ಸಣ್ಣ ಡಬ್ಬಿ ಸಾಕು. ದೀಪ, ಕರ್ಪೂರ, ಊದುಬತ್ತಿ ಹಡಗಿನಲ್ಲಿ ಹಚ್ಚುವಂತೆಯೇ ಇಲ್ಲ, ಲಾಡ್ಜ್ ಕೋಣೆಗಳಲ್ಲೂ ಹೊಗೆಯ ಅಲಾರಂ ಇರುತ್ತದೆ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ಇವನ್ನೂ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಅಲ್ಲದೆ ಅಲ್ಲಿಯ ಕರೆಂಟು 120 ವೋಲ್ಟ್; ಫೋನ್ ಚಾರ್ಜರ್ ನಡೆಯುತ್ತದೆ, ನಮ್ಮ ಕೆಟಲ್ ಸರಿಯಾಗಿ ನೀರು ಕಾಯಿಸುವುದಿಲ್ಲ.

ಊಟಕ್ಕೆ ಬೇರೆ ಹಣ ಎತ್ತಿಡಿ

ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ನೆಲದ ದಿನಗಳ ಊಟ ಸೇರಿರುವುದಿಲ್ಲ. ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲದಿದ್ದರೆ ತಲೆಗೆ ದಿನಕ್ಕೆ 70ರಿಂದ 100 ಡಾಲರ್ ಎತ್ತಿಡುವುದು ಕ್ಷೇಮ. ಡೆನಾಲಿಯ ಬಾಗಿಲಲ್ಲಿರುವ ಹೋಟೆಲುಗಳು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆದಿರುವಂಥವು, ಸಾಮಾನೆಲ್ಲ ದೂರದಿಂದ ಬರಬೇಕು; ಬೆಲೆ ಹೆಚ್ಚಿರುವುದು ಅದಕ್ಕೆ. ಬಸ್ ಡ್ರೈವರ್, ಗೈಡ್‌ಗಳಿಗೆ ಕೊಡುವ ಟಿಪ್ಸ್ ಕೂಡ ಬೇರೆ. ಹಡಗಿನ ಬಿಲ್ಲಿಗೆ ದಿನದಿನವೂ ಸೇರುವ ಟಿಪ್ಸ್‌ಗೂ ಇವರಿಗೂ ಸಂಬಂಧವಿಲ್ಲ. ಒಂದು, ಐದು ಡಾಲರ್ ನೋಟುಗಳು ಜೇಬಿನಲ್ಲಿರಲಿ.

ಸಸ್ಯಾಹಾರಿಗಳಿಗೆ ಹಡಗಿನಲ್ಲಿ ಚಿಂತೆಯಿಲ್ಲ. ಬುಕ್ ಮಾಡುವಾಗಲೇ ‘ಇಂಡಿಯನ್ ವೆಜಿಟೇರಿಯನ್’ ಎಂದು ಬರೆಸಿ, ಹತ್ತಿದ ಮೊದಲ ರಾತ್ರಿಯೇ ಊಟದ ಕೋಣೆಯ ಮುಖ್ಯಸ್ಥರಿಗೆ ಹೇಳಿದರೆ ಮರುದಿನದಿಂದ ಅನ್ನ, ದಾಲ್, ಪಲ್ಯ ಬರುತ್ತದೆ. ಆದರೆ ಹಡಗಿಗೆ ಬರೆಸಿದ ಈ ಸೂಚನೆ ನೆಲದ ಹೋಟೆಲಿಗೆ ತಲುಪುತ್ತದೆ ಎಂದು ನಂಬಬೇಡಿ. ಅಲ್ಲಿ ಪ್ರತಿ ಸಲವೂ ಹೊಸದಾಗಿ ಕೇಳಬೇಕು: ಸೂಪು ಕೋಳಿಯ ಅಥವಾ ದನದ ಮಾಂಸದ ನೀರಿನಲ್ಲಿ ಮಾಡಿದ್ದೇ, ಬೀನ್ಸ್‌ನಲ್ಲಿ ಮಾಂಸದ ಚೂರಿದೆಯೇ? ‘ವೆಜ್’ ಎಂದರೆ ಮೀನು ನಡೆಯುತ್ತದೆ ಎಂದುಕೊಳ್ಳುವ ಹುಡುಗರೂ ಇದ್ದಾರೆ. ಡೆನಾಲಿ ಬಸ್ಸಿನಲ್ಲಿ ಕೊಡುವ ತಿಂಡಿಯ ಪೊಟ್ಟಣದಲ್ಲಿ ಒಣಮಾಂಸದ ಕಡ್ಡಿ ಇರಬಹುದು, ತೆರೆಯುವ ಮೊದಲು ಹೆಸರು ಓದಿ.

ನೆಲ ಮೊದಲು ಮಾಡಿ ಎಂದದ್ದಕ್ಕೆ ಎರಡನೆಯ ಕಾರಣ ಇದೇ. ಮನೆಯಿಂದ ಒಯ್ದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಗ್ಗರಣೆ ಹಾಕಿ ಹುರಿದ ಅವಲಕ್ಕಿ ಇವೆಲ್ಲ ನೆಲದ ದಿನಗಳಿಗೇ ಬೇಕಾದವು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಗೆ ಬಿಡುವುದು ಕಷ್ಟ. ಮಂಡಕ್ಕಿ ಹಗುರವಾದರೂ ಜಾಗ ತಿನ್ನುತ್ತದೆ, ಒಯ್ಯುವುದಾದರೆ ಒತ್ತಿ ಕಟ್ಟಿ. ಅಮೆರಿಕಕ್ಕೆ ಇಳಿದಾಗ ಆಹಾರ ತಂದಿದ್ದೇವೆ ಎಂದು ಕಸ್ಟಮ್ಸ್‌ನವರಿಗೆ ತಪ್ಪದೆ ಹೇಳಿ. ಹೇಳಿದರೆ ಹೆಚ್ಚೆಂದರೆ ಒಂದು ಪೊಟ್ಟಣ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಖಂಡಿತ ಬೇಡ.

ಡೆನಾಲಿಯ ದಿನ

ನೆಲದ ಪ್ರವಾಸದ ಜೀವವೇ ಇದು. ಡೆನಾಲಿ ರಾಷ್ಟ್ರೀಯ ಉದ್ಯಾನ ಮತ್ತು ಸಂರಕ್ಷಿತ ಪ್ರದೇಶ ಚಿತ್ರದುರ್ಗ ಜಿಲ್ಲೆಯ ಸುಮಾರು ಮೂರು ಪಟ್ಟು ದೊಡ್ಡದು, ಒಳಗಿರುವ ರಸ್ತೆ ಮಾತ್ರ ಒಂದೇ. ಉದ್ದ 92 ಮೈಲಿ, ಅಂದರೆ 148 ಕಿಲೋಮೀಟರ್. ಬೇಸಿಗೆಯಲ್ಲಿ ಖಾಸಗಿ ಕಾರಿಗೆ ಮೊದಲ 15 ಮೈಲಿ, ಮುಂದಕ್ಕೆ ಉದ್ಯಾನದ ಬಸ್ಸು. 2021ರ ಆಗಸ್ಟ್‌ನಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ ಕೆಳಗಿನ ಮಂಜುಗಟ್ಟಿದ ನೆಲ ಕರಗಿ ರಸ್ತೆ ಜಾರಿದ ಮೇಲೆ ಬಸ್ಸುಗಳು 43ನೇ ಮೈಲಿಗೇ ನಿಂತವು, ಅಲ್ಲಿ ಸೇತುವೆ ಕಟ್ಟುವ ಕೆಲಸ ಕೈಗೆತ್ತಿಕೊಂಡರು. ನೀವು ಹೋಗುವ ವರ್ಷ ಬಸ್ಸು ಎಲ್ಲಿಯವರೆಗೆ ಎಂಬುದನ್ನು ಬುಕ್ ಮಾಡುವ ಮೊದಲು ಉದ್ಯಾನದ ಜಾಲತಾಣದಲ್ಲಿ ನೋಡಿ.

ಪ್ಯಾಕೇಜಿನಲ್ಲಿ ಸೇರಿರುವುದು ಯಾವ ಬಸ್ಸು ಎಂದು ಕೇಳುವುದು ಬಹಳ ಮುಖ್ಯ. ‘ನ್ಯಾಚುರಲ್ ಹಿಸ್ಟರಿ ಟೂರ್’ ಗಿಡ್ಡದು. ‘ಟುಂಡ್ರಾ ವೈಲ್ಡರ್‌ನೆಸ್ ಟೂರ್’ ಇನ್ನಷ್ಟು ಒಳಗೆ ಹೋಗುತ್ತದೆ, ಕರಡಿ, ಕಾರಿಬೂ ಎಂಬ ಜಿಂಕೆ, ಡಾಲ್ ಎಂಬ ಕಾಡುಕುರಿ ಕಾಣುವ ಸಾಧ್ಯತೆಯೂ ಹೆಚ್ಚು. ಸಾಗರ ದಾಟಿ ಅಷ್ಟು ದೂರ ಹೋದವರು ಗಿಡ್ಡದಕ್ಕೆ ತೃಪ್ತರಾಗಬೇಡಿ, ವ್ಯತ್ಯಾಸದ ಹಣ ಕೊಟ್ಟಾದರೂ ಟುಂಡ್ರಾ ಹಾಕಿಸಿಕೊಳ್ಳಿ. ಐದು ಗಂಟೆಗೂ ಮೀರಿದ ಪ್ರಯಾಣ. ಬಸ್ಸಿನಲ್ಲಿ ಶೌಚಾಲಯವಿಲ್ಲ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸುತ್ತಾರೆ. ನೀರಿನ ಮಾತ್ರೆ ತೆಗೆದುಕೊಳ್ಳುವ ಬಿ.ಪಿ. ರೋಗಿಗಳು ಅದರ ಹೊತ್ತನ್ನು ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಪರ್ವತ ಕಾಣದೇ ಹೋಗಬಹುದು, ಇದಕ್ಕೆ ಮನಸ್ಸು ಸಿದ್ಧವಿರಲಿ. 6,190 ಮೀಟರಿನ ಆ ಶಿಖರ ತನ್ನ ಮೋಡ ತಾನೇ ಮಾಡಿಕೊಳ್ಳುತ್ತದೆ. ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರಿಗಷ್ಟೇ ದರ್ಶನ. ಒಂದು ರಾತ್ರಿಯ ಬದಲು ಎರಡು ರಾತ್ರಿ ಇರುವ ಪ್ಯಾಕೇಜ್ ಆರಿಸಲು ಇದೇ ಸಾಕಷ್ಟು ಕಾರಣ. ಕರಪತ್ರಗಳಲ್ಲಿ ಡೆನಾಲಿ, ಮೌಂಟ್ ಮೆಕಿನ್ಲಿ ಎರಡೂ ಹೆಸರು ಕಂಡರೆ ಗೊಂದಲ ಬೇಡ: 2015ರಲ್ಲಿ ಅಧಿಕೃತವಾಗಿ ಡೆನಾಲಿಯಾಗಿದ್ದ ಶಿಖರಕ್ಕೆ 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹಳೆಯ ಹೆಸರನ್ನು ಮರಳಿಸಿತು, ಉದ್ಯಾನದ ಹೆಸರು ಡೆನಾಲಿಯಾಗಿಯೇ ಉಳಿಯಿತು.

ಫೇರ್‌ಬ್ಯಾಂಕ್ಸ್‌ನಿಂದ ಡೆನಾಲಿಗೆ ಸುಮಾರು 195 ಕಿಲೋಮೀಟರ್, ಚಿತ್ರದುರ್ಗದಿಂದ ಬೆಂಗಳೂರಿನಷ್ಟೇ. ರೈಲಿಗೆ ನಾಲ್ಕು ಗಂಟೆ, ಬಸ್ಸಿಗೆ ಎರಡೂವರೆ. ಗಾಜಿನ ಚಾವಣಿಯ ರೈಲು ಒಮ್ಮೆ ಸಾಕು. ಇನ್ನೊಂದು ಕಡೆ ಬಸ್ಸಿದ್ದರೆ ಬೇಸರ ಬೇಡ. ದಾರಿಯ ಬಹುಪಾಲು ಫೋನಿಗೆ ಸಿಗ್ನಲ್ ಇರುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ.

ಮೈ, ಬಟ್ಟೆ, ನಿದ್ದೆ

ಡೆನಾಲಿಯ ಲಾಡ್ಜ್‌ಗಳು ಇಳಿಜಾರಿನಲ್ಲಿ ಚದುರಿದ ಎರಡು ಮೂರು ಅಂತಸ್ತಿನ ಕಟ್ಟಡಗಳು. ಎಷ್ಟೋ ಕಡೆ ಲಿಫ್ಟ್ ಇಲ್ಲ, ಎ.ಸಿ.ಯೂ ಇಲ್ಲ. ಮಂಡಿನೋವಿನವರು ಬುಕ್ ಮಾಡುವಾಗಲೇ ನೆಲಮಹಡಿ ಕೇಳಿ ಬರೆಸಿಕೊಳ್ಳಿ. ಎರಡು ತಿಂಗಳು ಮೊದಲಿಂದ ಕುಂದವಾಡ ಕೆರೆಯ ಏರಿ ಮೇಲೆ ದಿನಾ ನಡೆಯಿರಿ. ದುರ್ಗದವರಿಗಂತೂ ಕೋಟೆಯೇ ಇದೆ, ಓಬವ್ವನ ಕಿಂಡಿಯವರೆಗೆ ಹೆಗಲ ಚೀಲ ಹಾಕಿಕೊಂಡು ಹೋಗಿ ಬರುವಷ್ಟಾದರೆ ಈ ಪ್ರವಾಸಕ್ಕೆ ಕಾಲು ಸಾಕು.

ಜೂನ್ 21ರ ಆಸುಪಾಸು ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಸುಮಾರು 22 ಗಂಟೆ ಮೇಲಿರುತ್ತಾನೆ. ಬೆಳಕು ನೋಡಿ ಏಳುವ ಅಭ್ಯಾಸದವರು ರಾತ್ರಿ ಎರಡೂವರೆಗೇ ಎದ್ದು ಕೂರುತ್ತಾರೆ. ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ. ದಪ್ಪದೊಂದು ಕೋಟಿಗಿಂತ ತೆಳುವಾದ ಮೂರು ಪದರ ಮೇಲು: ಒಳಗೆ ಥರ್ಮಲ್, ನಡುವೆ ಸ್ವೆಟರ್, ಹೊರಗೆ ನೀರು ತಡೆಯುವ ಜಾಕೆಟ್. ಸೀರೆ ಉಡುವವರು ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಶೂ ಹಾಕಿದರೆ ಚಳಿಗೆ ಅಡ್ಡಿಯಿಲ್ಲ, ಆದರೆ ಬಸ್ಸಿನ ಎತ್ತರದ ಮೆಟ್ಟಿಲಿಗೆ ಚೂಡಿದಾರ ಅನುಕೂಲ. ಜೂನ್–ಜುಲೈನಲ್ಲಿ ಸೊಳ್ಳೆ ವಿಪರೀತ, ಡೀಟ್ ಇರುವ ಮುಲಾಮು ಬೇಕೇ ಬೇಕು.

ದೊಡ್ಡ ಆಸ್ಪತ್ರೆಗೆ ಫೇರ್‌ಬ್ಯಾಂಕ್ಸ್ ಅಥವಾ ಆಂಕರೇಜ್‌ಗೇ ಹೋಗಬೇಕು. ವಿಮೆ ಮಾಡಿಸುವಾಗ ಮೂರು ಪ್ರಶ್ನೆ ಕೇಳಿ: ಹಡಗಿನ ದಿನಗಳೂ ನೆಲದ ದಿನಗಳೂ ಸೇರಿವೆಯೇ, ಈಗಾಗಲೇ ಇರುವ ಸಕ್ಕರೆ–ಬಿ.ಪಿ. ಕಾಯಿಲೆಗೆ ನಡೆಯುತ್ತದೆಯೇ, ಹೆಲಿಕಾಪ್ಟರಿನಲ್ಲಿ ಸಾಗಿಸುವ ವೆಚ್ಚ ಕೊಡುತ್ತಾರೆಯೇ? ಇನ್ಸುಲಿನ್ ಎಂದೂ ಲಾರಿಗೆ ಹೋಗುವ ಪೆಟ್ಟಿಗೆಯಲ್ಲಿರಬಾರದು.

ಹಡಗು ಹತ್ತುವ ದಿನ

ವಿಟಿಯರ್‌ಗೆ ಹೋಗುವ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಸುರಂಗವಿದೆ. ಒಂದೇ ಪಥ, ರೈಲು, ಕಾರು, ಬಸ್ಸು ಸರದಿಯ ಮೇಲೆ ದಾಟಬೇಕು. ಕಂಪನಿಯ ರೈಲು–ಬಸ್ಸಿನಲ್ಲಿದ್ದರೆ ತಡವಾದರೂ ಹೊಣೆ ಅವರದು. ಮಗ ಬಾಡಿಗೆ ಕಾರಿನಲ್ಲಿ ಕರೆದೊಯ್ಯುವುದಾದರೆ ಸುರಂಗದ ವೇಳಾಪಟ್ಟಿ ನೋಡಿ, ಒಂದು ಸರದಿ ತಪ್ಪಿದರೂ ಹಡಗು ಸಿಗುವಷ್ಟು ಮೊದಲೇ ಹೊರಡಿ. ಹತ್ತಿದ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ನಡುಸಮುದ್ರದ ರೋಮಿಂಗ್ ಬಿಲ್ಲು ಸಾವಿರಗಟ್ಟಲೆ ಬರುತ್ತದೆ. ಸಂಜೆ ದೊಡ್ಡ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬಂದಿದೆಯೇ ನೋಡಿ. ರಾತ್ರಿ ಊಟದ ಹೊತ್ತಿಗೂ ಬಾರದಿದ್ದರೆ ಟ್ಯಾಗಿನ ಹರಿದಿಟ್ಟ ತುಂಡನ್ನು ಹಿಡಿದು ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ.